ಮಂದ್ರನ ಶ್ರುತಿ

ಗದುಗಿನ ಕಮಲಾಕ್ಷಿ ಹೂಗಾರರ ಸಂಗೀತ ಶಾಲೆಯಲ್ಲಿ ಷಡ್ಜ ಹೊರಡುತ್ತಿದ್ದುದು ತಂಬೂರಿಯಿಂದಲ್ಲ, ಗಾಜಿನ ತೊಟ್ಟಿಯಿಂದ. ತೊಟ್ಟಿಯ ತಳದಲ್ಲಿ ಗೇಣುದ್ದದ ತಿಳಿಗುಲಾಬಿ ಪ್ರಾಣಿಯೊಂದು ಮಲಗಿತ್ತು. ಕತ್ತಿನ ಎರಡೂ ಬದಿಗೆ ಗರಿಗಳಂಥ ಕಿವಿರು, ನಗುತ್ತಿರುವಂಥ ಬಾಯಿ. ಮೆಕ್ಸಿಕೋದ ಕೆರೆಗಳ, ಕಪ್ಪೆಯ ಬಳಗದ ಈ ಆಕ್ಸೊಲಾಟ್ಲ್ ಬೆಳೆದ ಮೇಲೂ ನೀರು ಬಿಟ್ಟು ಬರುವುದಿಲ್ಲ. ಸದಾ ತಳ ಹಿಡಿದಿರುತ್ತದೆಂದು ಕಮಲಾಕ್ಷಿ ಅದಕ್ಕೆ ಕೆಳಸ್ಥಾಯಿಯ ಹೆಸರನ್ನೇ ಇಟ್ಟು ಮಂದ್ರ ಎಂದು ಕರೆದಿದ್ದರು.

ನೀರಿನಲ್ಲಿ ಕೂದಲಿಗಿಂತ ತೆಳ್ಳಗಿನ ತಂತಿಯೊಂದು ಇಳಿಬಿದ್ದಿತ್ತು. ಧಾರವಾಡದ ಜೀವವಿಜ್ಞಾನಿ ಜಬೀನ್ ನದಾಫ್ 2061ರಲ್ಲಿ ಮಾಡಿದ ‘ನೀರತಂತಿ’ ಅದು. ಪ್ರಾಣಿಗೆ ಕಳವಳವಾದಾಗ ಅದರ ಮೈಯಿಂದ ಒತ್ತಡದ ಹಾರ್ಮೋನು ನೀರಿಗೆ ಜಿನುಗುತ್ತದೆ. ತಂತಿ ಅದನ್ನು ಅಳೆದು ತಂಬೂರಿಯ ನಾದವಾಗಿ ನುಡಿಸುತ್ತದೆ. ಕಳವಳ ಏರಿದರೆ ಶ್ರುತಿಯೂ ಎಳೆಯಷ್ಟು ಏರುತ್ತದೆ. ಮೊದಲ ಪ್ರಯೋಗಕ್ಕೆ ಕಮಲಾಕ್ಷಿಯ ಮನೆಯನ್ನೇ ಜಬೀನ್ ಆರಿಸಿದ್ದಳು. ಇಲ್ಲಿನ ಕಿವಿಗಳು ಸೂಕ್ಷ್ಮ, ಶ್ರುತಿ ಏರಿದರೆ ಪ್ರಾಣಿಗೇನಾಯಿತೆಂದು ನೋಡುತ್ತಾರೆ ಎಂದುಕೊಂಡಿದ್ದಳು.

ನಾದ ಎಷ್ಟು ಇಂಪಾಗಿತ್ತೆಂದರೆ ಕಮಲಾಕ್ಷಿ ಮೊದಲ ವಾರವೇ ತಮ್ಮ ಹಳೆಯ ತಂಬೂರಿಗೆ ಗವಸು ತೊಡಿಸಿ ಮೂಲೆಗಿಟ್ಟರು.

“ನಮಗ ಇಬ್ಬರು ಗುರುಗಳ್ರಿ,” ಎನ್ನುತ್ತಿದ್ದ ಶೇಖಪ್ಪ. ನಲವತ್ತೈದರಲ್ಲಿ ಹಾಡು ಕಲಿಯಲು ಬಂದ ಅಂಚೆ ನೌಕರ. “ಒಬ್ಬರು ಬೈತಾರ, ಒಬ್ಬರು ಹುಳಾ ತಿಂತಾರ.”

ಈಗ ಎರಡನೆಯ ಗುರು ಹುಳ ತಿನ್ನುವುದನ್ನೇ ಬಿಟ್ಟು ಒಂಬತ್ತು ದಿನವಾಗಿತ್ತು. ಕಿವಿರಿನ ಗರಿಗಳು ಮುಂದಕ್ಕೆ ಬಾಗಿದ್ದವು, ಬಾಲದ ತುದಿ ಕೊಕ್ಕೆಯಾಗಿತ್ತು. ಕಮಲಾಕ್ಷಿ ನೀರನ್ನು ಹದಿನಾರು ಡಿಗ್ರಿಗೆ ತಣಿಸಿದರು, ಪರದೆ ಎಳೆದರು, ಸೋಸುಯಂತ್ರದ ರಭಸ ತಗ್ಗಿಸಿದರು, ಅಡಗಿಕೊಳ್ಳಲು ಒಂದು ಗಡಿಗೆ ಮಲಗಿಸಿದರು. ಮಧ್ಯಾಹ್ನ ತುಸು ನೆಟ್ಟಗಾಗುವ ಬಾಲ ಸಂಜೆ ಪಾಠದ ಹೊತ್ತಿಗೆ ಮತ್ತೆ ಕೊಕ್ಕೆಯಾಗುತ್ತಿತ್ತು.

ಜಬೀನ್ ಧಾರವಾಡದಿಂದ ಬಂದು ನೋಡಿದಳು. “ಅಕ್ಕಾರ, ರವಿವಾರದೊಳಗ ತಿನ್ನಲಿಲ್ಲಂದ್ರ ನಾನು ಇದನ್ನ ಪ್ರಯೋಗಾಲಯಕ್ಕ ಒಯ್ಯಬೇಕಾಗ್ತದ.”

“ಎಂಟು ವರ್ಷ ಸಾಕೀನಿ ತಂಗಿ. ಅಲ್ಲಿ ಅದಕ್ಕ ಯಾರು ಗೊತ್ತು?” ಕಮಲಾಕ್ಷಿಯ ಧ್ವನಿ ಒಡೆದಿತ್ತು. “ಇವತ್ತಿನ ಪಾಠ ಮುಗೀಲಿ. ಕೂತು ನೋಡು.”

ಪಾಠ ಶುರುವಾಯಿತು. ನೀರತಂತಿ ಬಂದ ಮೇಲೆ, ನಾದ ಹತ್ತಿರ ಕೇಳಲೆಂದು, ಎಲ್ಲರೂ ಕೂರುವ ಹಲಗೆಯ ಕಟ್ಟೆಯ ಮೇಲೆಯೇ ತೊಟ್ಟಿಯನ್ನೂ ಇಟ್ಟಿದ್ದರು. ಶೇಖಪ್ಪ ಸಾ ಹಿಡಿದ. ಹಾರ್ಮೋನಿಯಂ ಸೇರಿತು. ಹಲಗೆ ಕಂಪಿಸಿತು, ನೀರಿನ ಮೇಲೆ ಸಣ್ಣ ಉಂಗುರಗಳೆದ್ದವು. ನೀರಿನ ಅಲುಗಾಟವನ್ನು ಮೈಚರ್ಮದಿಂದಲೇ ಅರಿಯುವ ಮಂದ್ರ ಗಡಿಗೆಯೊಳಗೆ ನುಗ್ಗಿತು. ತಂತಿಯ ನಾದ ಎಳೆಯಷ್ಟು ಮೇಲಕ್ಕೆ ಸರಿಯಿತು.

“ಶ್ರುತಿ ಬಿಟ್ಟಿ ನೋಡು ಶೇಖಪ್ಪಾ! ಏರಿಸು!” ಗದರಿದರು ಕಮಲಾಕ್ಷಿ.

ಶೇಖಪ್ಪ ಏರಿಸಿದ. ಎಳೆಯಷ್ಟು ಏರಲಾರದ ಹಾರ್ಮೋನಿಯಂ ಬದಿಗೆ ಸರಿಯಿತು. ಏರಿಸಿದ್ದರಿಂದ ಧ್ವನಿ ಗಟ್ಟಿಯಾಯಿತು, ಹಲಗೆ ಇನ್ನಷ್ಟು ನಡುಗಿತು, ನಾದ ಮತ್ತೆ ಸರಿಯಿತು. ಕಮಲಾಕ್ಷಿ ಮತ್ತೆ ಗದರಿದರು. ಶೇಖಪ್ಪನ ಕತ್ತಿನ ನರ ಉಬ್ಬಿತು.

ಜಬೀನ್ ಎದ್ದು ಮೂಲೆಯ ತಂಬೂರಿಯ ಗವಸು ತೆಗೆದಳು. “ಅಕ್ಕಾರ, ಒಮ್ಮೆ ಇದನ್ನ ಮೀಟ್ರಿ. ನಿಮ್ಮ ಹಳೇ ಸಾ.”

ಕಮಲಾಕ್ಷಿ ತಂತಿ ಬಿಗಿಸಿ, ತಮ್ಮ ಶ್ರುತಿ ಕೊಳಲಿನ ಜೊತೆ ಸರಿಹೊಂದಿಸಿ ಮೀಟಿದರು. ತೊಟ್ಟಿಯ ನಾದ ಇನ್ನೂ ನುಡಿಯುತ್ತಿತ್ತು. ಎರಡು ಷಡ್ಜಗಳ ನಡುವೆ ಒಂದೂವರೆ ಸ್ವರದ ಅಂತರವಿತ್ತು.

“ಇಷ್ಟು ಮ್ಯಾಲೆ ಬಂದೀವೇನು?” ಅವರು ಮೆಲ್ಲಗೆ ಕೇಳಿದರು. “ತಂಬೂರಿ ತಪ್ಪಂಗಿಲ್ಲ, ತಪ್ಪೋದು ಗಂಟಲಾ ಅಂತ ನಮ್ಮ ಗುರುಗಳು ನನಗ ಕಲಿಸಿದ್ರು. ನಾನೂ ಹಂಗ ಕಲಿಸ್ದೆ.”

“ತಪ್ಪು ನಂದೂ ಐತ್ರಿ,” ಎಂದಳು ಜಬೀನ್. “ಮಂದ್ರನ ದೂರನ್ನ ಒಯ್ದು ಗುರುವಿನ ಜಾಗದಾಗ ಕೂರಿಸಿಬಿಟ್ಟೆ. ನೀವು ಕೇಳೋ ಬದಲಿ ಅದರ ಬೆನ್ನು ಹತ್ತಿದ್ರಿ.”

ಶೇಖಪ್ಪ ಗಂಟಲು ಸವರಿಕೊಂಡ. “ಎರಡು ವಾರದಿಂದ ಮನ್ಯಾಗೂ ನಾನು ಒದರಾಕ್ಹತ್ತೀನಂತ ನಮ್ಮಾಕಿ ಅಂತಾಳ್ರಿ. ವಯಸ್ಸಾತು ಅಂದ್ಕೊಂಡಿದ್ದೆ.”

ಅಂದೇ ತೊಟ್ಟಿ ಹಿಂದಿನ ಕೋಣೆಯ ಕಲ್ಲುನೆಲ ಸೇರಿತು. ಪಾಠಕ್ಕೆ ಮತ್ತೆ ಮರದ ತಂಬೂರಿ ಬಂತು. ಶನಿವಾರ ಬೆಳಿಗ್ಗೆ ಮಂದ್ರನ ಬಾಲ ನೆಟ್ಟಗಿತ್ತು, ಗರಿಗಳು ಹಿಂದಕ್ಕೆ ಹರಡಿದ್ದವು. ಕಮಲಾಕ್ಷಿ ಇಕ್ಕಳದಿಂದ ಹಿಡಿದ ಹುಳವನ್ನು ಅದು ಗಬಕ್ಕನೆ ಎಳೆದುಕೊಂಡಿತು. ಫೋನಿನಲ್ಲಿ ಇದನ್ನು ಹೇಳುವಾಗ ಅವರು ಎಷ್ಟು ಮೆತ್ತಗೆ ಮಾತಾಡಿದರೆಂದರೆ ಜಬೀನ್ ಎರಡು ಸಲ ಕೇಳಬೇಕಾಯಿತು.

ಮುಂದಿನ ತಿಂಗಳು ಅವಳು ಹೊಸ ನೀರತಂತಿ ಜೋಡಿಸಿದಳು. ಕಳವಳವಾದರೆ ಇದು ಏರುವುದಿಲ್ಲ, ನಿಂತುಬಿಡುತ್ತದೆ. ನಾದ ನಿಂತರೆ ಈ ಮನೆಯಲ್ಲಿ ಯಾರಾದರೂ ಎದ್ದು ನೋಡದೆ ಇರುವುದಿಲ್ಲ.

ಕೆಲಸ ಮುಗಿಸಿ ಗದುಗಿನ ಬಸ್ ನಿಲ್ದಾಣಕ್ಕೆ ಬಂದಳು. ಧ್ವನಿವರ್ಧಕ ಕೂಗುತ್ತಿತ್ತು, ಅದನ್ನು ಮೀರಿಸಲು ಕಡಲೆಯವನು ಕೂಗುತ್ತಿದ್ದ, ಅವನನ್ನು ಮೀರಿಸಲು ಫೋನು ಹಿಡಿದವರು. ಕಂಡಕ್ಟರ್ ಎಲ್ಲರಿಗಿಂತ ಮೇಲೆ, “ಧಾರವಾಡ! ಧಾರವಾಡ! ಲಗೂನ ಹತ್ರೀ!” ಎಂದು ಅರಚುತ್ತಿದ್ದ. ಜಬೀನಳ ಬಾಯಿಗೂ ಕೂಗೇ ಬಂದಿತ್ತು. ಅವಳು ಅದನ್ನು ನುಂಗಿ, ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು: “ಅಣ್ಣಾರ, ಎಷ್ಟೊತ್ತಿಗೆ ಮುಟ್ಟತದ್ರಿ?”

ಕಂಡಕ್ಟರ್ ಅರಚಾಟ ನಿಲ್ಲಿಸಿ ಅವಳನ್ನು ನೋಡಿದ. ಹೆಗಲು ಇಳಿಬಿಟ್ಟ.

“ಆರೂವರಿಗ್ರಿ,” ಎಂದ, ಅಷ್ಟೇ ಮೆಲ್ಲಗೆ. “ಕಿಡಕಿ ಸೀಟು ಐತಿ, ಕುಂದರ್ರಿ.”