ಊರಿನ ಮೂರನೆಯ ಓದುಗ

ತಾರೀಖು ಹನ್ನೊಂದರ ಬೆಳಗ್ಗೆ ಒಂಬತ್ತೂಕಾಲಿಗೆ ಠಾಣೆಯ ಮೆಟ್ಟಿಲು ಹತ್ತಿ ಬಂದವನು ಬಸ್ ಡಿಪೋದ ಮೆಕ್ಯಾನಿಕ್. ಕೈಗೆ ಮೆತ್ತಿದ ಗ್ರೀಸ್ ತೊಳೆದುಕೊಳ್ಳುವಷ್ಟೂ ಪುರಸೊತ್ತಿಲ್ಲದೆ ಬಂದಿದ್ದ. ದೂರು ಬರೆದುಕೊಳ್ಳಲು ಕೂತಿದ್ದ ಮಹಿಳಾ ಪೇದೆ, ಏನು ಕಳುವಾಯಿತು ಎಂದು ಕೇಳಿದಳು. ಆ ಹೊತ್ತಿಗೆ ಬರುವವರಲ್ಲಿ ಮುಕ್ಕಾಲು ಪಾಲು ಸೈಕಲ್ಲೋ ಮೊಬೈಲೋ ಕಳಕೊಂಡವರೇ ಆಗಿರುತ್ತಿದ್ದರು.

“ನನ್ನ ಹೆಂಡತಿಗೆ ಯಾರೋ ವಿಷ ಹಾಕಿದಾರೆ. ಇನ್ನೂ ಬದುಕಿದಾಳೆ, ಅದಕ್ಕೇ ಬೇಗ ಬಂದೆ,” ಎಂದ ಅವನು.

ಇನ್‌ಸ್ಪೆಕ್ಟರು ಅವನನ್ನು ಒಳಗೆ ಕರೆಸಿ ಕೂರಿಸಿದರು. ನಾಲ್ಕು ದಿನದ ಹಿಂದೆ ಹೆಂಡತಿ ಕೆಲಸದಿಂದ ಮನೆಗೆ ಬಂದವಳು ಬಾಗಿಲಲ್ಲೇ ನಿಂತು, ಒಬ್ಬ ಗಂಡನನ್ನು ಸುಧಾರಿಸುವುದೇ ಸಾಕಾಗಿತ್ತು, ಈಗ ಇಬ್ಬಿಬ್ಬರು ಕಾಣುತ್ತಿದ್ದೀರಿ ಎಂದು ನಕ್ಕಿದ್ದಳಂತೆ. ಅವನೂ ನಕ್ಕಿದ್ದನಂತೆ. ಮರುದಿನ ಬೆಳಗ್ಗೆ ಅವಳ ರೆಪ್ಪೆ ಮೇಲೇಳಲಿಲ್ಲ. ಸಂಜೆಗೆ ನೀರು ಗಂಟಲಲ್ಲಿ ಇಳಿಯಲಿಲ್ಲ. ಈಗ ಉಸಿರಾಡಿಸಲು ಯಂತ್ರ ಹಾಕಿದ್ದರು. ಕೆಟ್ಟ ಊಟದಿಂದ ಬಂದದ್ದೆಂದು ವೈದ್ಯರು ಮೊದಲು ಒಂದು ಪ್ರತಿವಿಷ ಕೊಟ್ಟರು, ಅದು ಕೆಲಸ ಮಾಡಲಿಲ್ಲ. ಹಾಗಾದರೆ ನರದ ಕಾಯಿಲೆ ಇರಬೇಕು ಎನ್ನತೊಡಗಿದ್ದರು. ಮೆಕ್ಯಾನಿಕ್‌ಗೆ ಆ ಮಾತು ಒಪ್ಪಿಗೆಯಿರಲಿಲ್ಲ. ಒಂದೇ ಪಾತ್ರೆಯ ಊಟವನ್ನು ಮೂವರು ತಿಂದಿದ್ದರು, ಅವನೂ ಮಗಳೂ ಗುಂಡುಕಲ್ಲಿನ ಹಾಗೆ ಇದ್ದರು. ಅವಳು ಆಫೀಸಿಗೆ ಒಯ್ದ ಊಟದ ಡಬ್ಬಿ ಮನೆಯಿಂದ ಹೊರಟಾಗ ಸರಿಯಾಗಿತ್ತು ಎಂಬುದೊಂದೇ ಅವನ ವಾದ.

“ಆ ಡಬ್ಬಿ ಎಲ್ಲಿದೆ?”

“ತೊಳೆದಿಟ್ಟೆ ಸಾರ್. ದಿನಾ ನಾನೇ ತೊಳೆಯೋದು.”

“ಯಾರ ಮೇಲಾದರೂ ಅನುಮಾನ ಇದೆಯಾ?”

“ಯಾರ ಮೇಲೂ ಇಲ್ಲ. ಆದ್ರೆ ಅವಳು ಕೆಲಸ ಮಾಡೋದು ವಿಷದ ಬಗ್ಗೆ ಬರೆಯೋರ ಆಫೀಸಲ್ಲಿ.”

ಠಾಣೆಯಲ್ಲಿ ಇನ್‌ಸ್ಪೆಕ್ಟರನ್ನು ಮುಂಗೋಪಿ ಎಂದೇ ಕರೆಯುತ್ತಿದ್ದರು. ಆದರೆ ಅವರ ಕೋಪ ಹೆಚ್ಚಾಗಿ ‘ಕಾದು ನೋಡೋಣ’ ಎನ್ನುವವರ ಮೇಲೆ. ಅಪರಿಚಿತರ ವಿರುದ್ಧ ಎಫ್‌ಐಆರ್ ದಾಖಲಿಸಿಕೊಂಡು, ಮಹಿಳಾ ಪೇದೆಯನ್ನು ಕರೆದುಕೊಂಡು ನೇರ ಆಸ್ಪತ್ರೆಗೆ ಹೊರಟರು.

ತೀವ್ರ ನಿಗಾ ಘಟಕದ ಮೂಲೆಯ ಹಾಸಿಗೆಯಲ್ಲಿ ಆಕೆ ಕಣ್ಣು ಮುಚ್ಚಿ ಮಲಗಿದ್ದಳು. ಪ್ರಜ್ಞೆ ಇದೆಯೇ ಎಂದು ಇನ್‌ಸ್ಪೆಕ್ಟರು ಪಿಸುಮಾತಿನಲ್ಲಿ ಕೇಳಿದರು. ಪಿಸುಗುಟ್ಟಬೇಡಿ, ಆಕೆಗೆ ಎಲ್ಲವೂ ಕೇಳಿಸುತ್ತದೆ, ಎಲ್ಲವೂ ತಿಳಿಯುತ್ತದೆ, ಮೈ ಮಾತ್ರ ಮಾತು ಕೇಳುತ್ತಿಲ್ಲ ಎಂದು ವೈದ್ಯೆ ಹೇಳಿದರು. ಈಗ ಅಲುಗಾಡುತ್ತಿದ್ದದ್ದು ಬಲಗೈಯ ತೋರುಬೆರಳೊಂದೇ. ಒಮ್ಮೆ ಬಡಿದರೆ ಹೌದು, ಎರಡು ಸಲ ಬಡಿದರೆ ಇಲ್ಲ. ವೈದ್ಯೆಯ ಸಮ್ಮುಖದಲ್ಲಿ ಹೇಳಿಕೆ ಪಡೆದರು. ಆಫೀಸಿನಲ್ಲಿ ತಿಂದದ್ದು ತನ್ನ ಡಬ್ಬಿಯ ಊಟ ಮಾತ್ರ, ಹೌದು. ಬೇರೆ ಯಾರಾದರೂ ಏನಾದರೂ ಕೊಟ್ಟರೇ, ಇಲ್ಲ. ಊಟದ ತನಕ ಡಬ್ಬಿ ಕಣ್ಣೆದುರೇ ಇತ್ತೇ, ಇಲ್ಲ. ಅಷ್ಟಕ್ಕೇ ಬೆರಳು ಸೋತಿತು. ಬೆರಳು ಬೆವರಿದ್ದನ್ನು ಪೇದೆ ತನ್ನ ಕರವಸ್ತ್ರದಿಂದ ಒರೆಸಿದಳು.

ಹೊರಗೆ ಬಂದ ಮೇಲೆ ವೈದ್ಯೆ ಬಚ್ಚಿಡದೆ ಹೇಳಿದರು.

“ನಾಳೆ ಆ ಬೆರಳೂ ಇರಲಿಕ್ಕಿಲ್ಲ. ನಾಡಿದ್ದು ಹೃದಯಕ್ಕೆ ಏನಾಗುತ್ತೋ ಗೊತ್ತಿಲ್ಲ. ಇದು ವಿಷವೇ ಆಗಿದ್ದರೆ ಯಾವ ವಿಷ ಅಂತ ಹೇಳಿ. ಅದರದ್ದೇ ಪ್ರತಿವಿಷ ಸಿಕ್ಕಿದರೆ ಇದ್ದಲ್ಲಿಗೇ ನಿಲ್ಲಿಸಬಹುದು.”

ಸಂಶೋಧನಾ ಸಂಸ್ಥೆಯ ನಿರ್ದೇಶಕರು ಬಾಗಿಲಿಗೇ ಬಂದು ಬರಮಾಡಿಕೊಂಡರು. ಪೊಲೀಸರನ್ನು ಕಂಡು ಅವರಿಗೆ ದಿಗಿಲಾಗಿತ್ತು. ಆದರೂ ಮೊದಲು ತೋರಿಸಿದ್ದು ಹೊರಕೋಣೆಯ ಗೋಡೆ ತುಂಬ ಹಬ್ಬಿದ್ದ ಪರದೆಯನ್ನು. ಅದರಲ್ಲಿ ಪ್ರಪಂಚದ ನಕ್ಷೆಯಿತ್ತು. ಸಂಸ್ಥೆಯವರು ಬರೆದ ಲೇಖನವನ್ನು ಜಗತ್ತಿನ ಯಾವ ಮೂಲೆಯಲ್ಲಿ ಯಾರು ತೆರೆದರೂ ಆ ಊರಿನ ಜಾಗದಲ್ಲಿ ಒಂದು ಚುಕ್ಕೆ ಹೊತ್ತಿಕೊಳ್ಳುತ್ತಿತ್ತು, ಕೆಳಗೆ ಲೇಖನದ ಶೀರ್ಷಿಕೆ ಹಾದುಹೋಗುತ್ತಿತ್ತು. ಅವರು ಮಾತಾಡುತ್ತಿದ್ದಷ್ಟು ಹೊತ್ತಿನಲ್ಲಿ ಒಂದು ದ್ವೀಪದಲ್ಲೂ ಒಂದು ಹಿಮದ ನಾಡಿನಲ್ಲೂ ಚುಕ್ಕೆ ಮೂಡಿ ಆರಿದವು. ಎರಡೂ ಕಡೆ ಓದುತ್ತಿದ್ದದ್ದು ನರವಿಷದ ಬಗ್ಗೆ. ಬ್ಯಾಕ್ಟೀರಿಯಾ ಮತ್ತು ನರವಿಷದ ಲೇಖನಗಳಿಗೆ ನಮ್ಮಲ್ಲಿ ಬಹಳ ಬೇಡಿಕೆ, ಮುಖದ ಸುಕ್ಕು ತೆಗೆಯುವ ವಿಷದ ಬಗ್ಗೆ ಒಬ್ಬಾಕೆ ಬರೆದದ್ದಂತೂ ಓದುಗರಿಲ್ಲದೆ ಕೂತದ್ದೇ ಇಲ್ಲ ಎಂದು ನಿರ್ದೇಶಕರು ಹೆಮ್ಮೆಯಿಂದ ಹೇಳಿದರು. ನೂರೆಂಟು ದೇಶದಲ್ಲಿ ಯಾರು ಯಾವ ಕೋಣೆಯಲ್ಲಿ ಕೂತು ಯಾವ ಉದ್ದೇಶಕ್ಕೆ ಇದನ್ನು ಓದುತ್ತಿದ್ದಾರೋ ಎಂದು ಯೋಚಿಸುತ್ತ ಇನ್‌ಸ್ಪೆಕ್ಟರು ಪರದೆಗೆ ಬೆನ್ನು ಹಾಕಿ ನಿಂತರು.

ವಿಷ ಇಲ್ಲಿ ಎಲ್ಲಿಡುತ್ತೀರಿ ಎಂದು ಕೇಳಿದ್ದಕ್ಕೆ, ಪ್ರಯೋಗಾಲಯ ಮುಚ್ಚಿ ವರ್ಷಗಳೇ ಆದವು, ಈಗ ಏನಿದ್ದರೂ ಬರೆಯುವುದು ಮಾತ್ರ ಎಂಬ ಉತ್ತರ ಬಂತು. ಹಾಸಿಗೆ ಹಿಡಿದಿದ್ದ ಹೆಣ್ಣುಮಗಳ ಕೆಲಸವೂ ಅದೇ: ಲೇಖನಗಳನ್ನು ಜಾಲದಲ್ಲಿ ಹಾಕುವುದು, ಸರಿಯಾಗಿ ತೆರೆಯುತ್ತದೆಯೇ ಎಂದು ಒಮ್ಮೆ ತೆರೆದು ನೋಡುವುದು, ತಿಂಗಳಿಗೊಮ್ಮೆ ಯಾರ ಬರಹಕ್ಕೆ ಎಷ್ಟು ಓದುಗರೆಂದು ಅವರವರ ಕೋಣೆಗೆ ಹೋಗಿ ಹೇಳಿ ಬರುವುದು. ಸಂಬಳದ ದಿನಕ್ಕಿಂತ ಆ ದಿನಕ್ಕೇ ಇಲ್ಲಿನವರು ಹೆಚ್ಚು ಕಾಯುತ್ತಿದ್ದರು. ಎರಡು ಸಾವಿರ ಬಂದವನು ಒಂದೂವರೆ ಸಾವಿರ ಬಂದವನ ಮುಂದೆ ಮೀಸೆ ತಿರುವುತ್ತಿದ್ದ.

ಊಟದ ಕೋಣೆಯ ಪಂಚನಾಮೆ ನಡೆಯಿತು. ಬೀಗವಿಲ್ಲದ ಫ್ರಿಜ್ಜು, ಅದರಲ್ಲಿ ಸಾಲಾಗಿ ಡಬ್ಬಿಗಳು, ಆಕೆಯ ಜಾಗ ಮಾತ್ರ ಖಾಲಿ. ಯಾರು ಬೇಕಾದರೂ ಬಾಗಿಲು ತೆರೆಯಬಹುದಿತ್ತು. ಇನ್‌ಸ್ಪೆಕ್ಟರು ಒಬ್ಬೊಬ್ಬರನ್ನೇ ಮಾತಾಡಿಸಿದರು. ಎಲ್ಲರೂ ಮೊದಲು ಕೇಳಿದ್ದು ಆಕೆ ಹೇಗಿದ್ದಾಳೆ ಎಂದು. ಮೂಲೆಕೋಣೆಯ ವಿಜ್ಞಾನಿಯೊಬ್ಬರು ಮಾತ್ರ ಹಾಗೆ ಕೇಳಲಿಲ್ಲ. ನಿವೃತ್ತಿಗೆ ಹತ್ತಿರವಾಗಿದ್ದ ಅವರನ್ನು ಆಫೀಸಿನಲ್ಲಿ ಮೌನಿ ಎಂದು ಕರೆಯುತ್ತಿದ್ದರು. ಒಳ್ಳೆಯ ಹುಡುಗಿ, ನನ್ನ ಲೇಖನ ಹಾಕಿದ್ದು ಅವಳೇ ಎಂದಷ್ಟೇ ಹೇಳಿ, ಆಮೇಲೆ ತಡೆದು ಅವರೇ ಒಂದು ಪ್ರಶ್ನೆ ಹಾಕಿದರು.

“ಡಾಕ್ಟರು ಏನೇನು ಓದ್ತಿದಾರೆ?”

ಓದಿ ಓದಿ ತಲೆಕೆಟ್ಟವರ ಪ್ರಶ್ನೆ ಎಂದುಕೊಂಡು ಇನ್‌ಸ್ಪೆಕ್ಟರು ಎದ್ದು ಬಂದರು.

ಹನ್ನೆರಡನೇ ತಾರೀಖು ಬೆಳಗ್ಗೆ ವೈದ್ಯೆ ಫೋನು ಮಾಡಿ ಬೆರಳು ನಿಂತಿತು ಎಂದರು. ಮೆಕ್ಯಾನಿಕ್ ಮಗಳ ಕೈಹಿಡಿದುಕೊಂಡು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದನಂತೆ. ಇನ್‌ಸ್ಪೆಕ್ಟರು ಆ ದಿನ ಯಾರ ಮೇಲೂ ರೇಗಲಿಲ್ಲ. ಠಾಣೆಯವರಿಗೆ ಅದೇ ಹೆಚ್ಚು ಭಯವಾಯಿತು. ಸಂಸ್ಥೆಯಲ್ಲಿ ಯಾರು ಯಾರು ಯಾವ ಯಾವ ವಿಷದ ಬಗ್ಗೆ ಬರೆದಿದ್ದಾರೆ ಎಲ್ಲ ತೆಗೆದು ನೋಡು ಎಂದು ಮಹಿಳಾ ಪೇದೆಗೆ ಹೇಳಿದರು.

ಆಕೆ ಠಾಣೆಯ ಹಳೇ ಕಂಪ್ಯೂಟರಿನ ಮುಂದೆ ಕೂತು ಲೇಖನಗಳನ್ನು ಒಂದೊಂದೇ ತೆರೆದಳು. ಅರ್ಧಕ್ಕರ್ಧ ಮಾತು ತಲೆಯ ಮೇಲೆ ಹಾರಿಹೋಯಿತು. ಪಟ್ಟಿಯಲ್ಲಿ ಪ್ರತಿಯೊಂದರ ಶೀರ್ಷಿಕೆಯ ಕೆಳಗೂ ಓದುಗರ ಸಂಖ್ಯೆ ಇತ್ತು, ಎಲ್ಲವೂ ಸಾವಿರದ ಮೇಲೆ. ಕೊನೆಯಲ್ಲಿ ಒಂದು ಸಿಕ್ಕಿತು. ಅದರ ಶೀರ್ಷಿಕೆಯೇ ಎರಡು ಸಾಲು ಉದ್ದ, ಓದುಗರು ಇಬ್ಬರು.

“ಸಾರ್, ಇಡೀ ಭೂಮಿ ಮೇಲೆ ಇದಕ್ಕೆ ಇಬ್ಬರೇ ಓದುಗರು,” ಎಂದು ಆಕೆ ಕೂಗಿ ಹೇಳಿದಳು.

ಬರೆದವನೊಬ್ಬ, ಅವನ ಹೆಂಡತಿಯೊಬ್ಬಳು, ಅದೂ ಬೈಕೊಂಡು ಓದಿರುತ್ತಾಳೆ ಎಂದು ದಫೇದಾರ ನಗಾಡಿದ. ಪೇದೆಗೆ ಯಾಕೋ ಪಾಪ ಅನ್ನಿಸಿ ಅದನ್ನೂ ತೆರೆದಳು. ಬರೆದವರು ಮೂಲೆಕೋಣೆಯ ಮೌನಿ. ಆಕೆ ಹೆಸರು ಗುರುತು ಹಾಕಿಕೊಂಡು ಮುಚ್ಚಿದಳು.

ಇನ್ನೂ ಒಂದು ಗಂಟೆಯೂ ಆಗಿರಲಿಲ್ಲ, ವೈದ್ಯೆಯ ಫೋನು ಬಂತು. ಯಾರೋ ವಿಜ್ಞಾನಿಯಂತೆ, ಐಸ್ ತುಂಬಿದ ಪೆಟ್ಟಿಗೆ ಹಿಡಿದು ಬಂದು, ಕೊನೆಗೂ ಓದಿದಿರಲ್ಲ ಎಂದು ತನ್ನ ಕೈ ಕುಲುಕುತ್ತಿದ್ದಾರೆ, ತಾನು ಏನನ್ನೂ ಓದಿಲ್ಲ, ಬೇಗ ಬನ್ನಿ ಎಂದರು.

ವೈದ್ಯೆಯ ಕೋಣೆಯಲ್ಲಿ ಮೌನಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮುಖದಲ್ಲಿ ಹಿಂದಿನ ದಿನ ಕಾಣದಿದ್ದ ಕಳೆಯಿತ್ತು. ಒಳಗಿರುವುದು ಸರಿಯಾದ ಪ್ರತಿವಿಷ, ಪ್ರಯೋಗಾಲಯ ಇದ್ದ ಕಾಲದಲ್ಲಿ ತಾವೇ ತಯಾರಿಸಿದ್ದು, ತಡ ಮಾಡಬೇಡಿ ಎಂದು ಅವರೇ ಅವಸರಪಡಿಸಿದರು. ಇನ್‌ಸ್ಪೆಕ್ಟರು ಎದುರಿನ ಕುರ್ಚಿ ಎಳೆದುಕೊಂಡರು.

“ಆಕೆಗೆ ಇದೇ ಆಗಬೇಕು ಅಂತ ಹೇಗೆ ಗೊತ್ತು?”

“ಲಕ್ಷಣ ಎಲ್ಲಾ ನನ್ನ ಲೇಖನದಲ್ಲಿದೆ.”

“ಆಕೆನ ನೋಡಿದೀರಾ?”

“ಇಲ್ಲ.”

“ಲಕ್ಷಣ ಯಾರು ಹೇಳಿದ್ರು?”

ಮೌನಿ ವೈದ್ಯೆಯ ಕಡೆ ನೋಡಿದರು. ತಾವು ಹೇಳಿಲ್ಲವೆಂದು ವೈದ್ಯೆ ತಲೆಯಾಡಿಸಿದರು.

“ಹೋಗಲಿ, ಡಾಕ್ಟರು ನಿಮ್ಮ ಲೇಖನ ಓದಿದ್ರು ಅಂತ ಯಾರು ಹೇಳಿದ್ರು?”

“ನಕ್ಷೆಯಲ್ಲಿ ನಮ್ಮ ಊರಿನ ಚುಕ್ಕೆ ಹೊತ್ತಿತು.”

“ಊರಲ್ಲಿ ಲಕ್ಷಾಂತರ ಜನ ಇದಾರೆ.”

“ಇಲ್ಲೀತನಕ ನನ್ನ ಲೇಖನ ತೆರೆದೋರು ಇಬ್ಬರೇ. ನಾನೊಬ್ಬ, ಜಾಲಕ್ಕೆ ಹಾಕಿದ ಅವಳೊಬ್ಬಳು. ಇವತ್ತು ನಾನು ತೆರೆದಿಲ್ಲ. ಅವಳು ಹಾಸಿಗೆ ಮೇಲಿದಾಳೆ. ಅಂದ್ಮೇಲೆ ಮೂರನೆಯವರು ಯಾರು? ಆಸ್ಪತ್ರೆಯವರೇ ತಾನೇ?”

“ತೆರೆದಿದ್ದು ನಮ್ಮ ಪೇದೆ, ಠಾಣೆಯಲ್ಲಿ ಕೂತು. ಈ ಡಾಕ್ಟರು ನಿಮ್ಮ ಹೆಸರೇ ಕೇಳಿಲ್ಲ.”

ಮೌನಿಯ ಮುಖದ ಕಳೆ ಇಳಿದುಹೋಯಿತು. ತಾನು ಏನು ಹೇಳಿಬಿಟ್ಟೆ ಎಂಬುದಕ್ಕಿಂತ ಡಾಕ್ಟರು ಓದಲಿಲ್ಲ ಎಂಬುದೇ ಅವರಿಗೆ ಹೆಚ್ಚು ತಾಗಿದ ಹಾಗಿತ್ತು. ಬಾಗಿಲ ಬಳಿ ನಿಂತಿದ್ದ ಪೇದೆಯತ್ತ ಒಮ್ಮೆ ತಿರುಗಿ ನೋಡಿದರು.

“ಇಷ್ಟು ದಿನ ಈ ಪೆಟ್ಟಿಗೆ ಎಲ್ಲಿತ್ತು?”

“ಮನೆ ಫ್ರಿಜ್ಜಲ್ಲಿ.”

“ಮೊದಲೇ ಯಾಕೆ ತರಲಿಲ್ಲ?”

“ಓದದೇ ಇದ್ದೋರಿಗೆ ತಂದುಕೊಟ್ಟು ಏನು ಪ್ರಯೋಜನ?”

ಇನ್‌ಸ್ಪೆಕ್ಟರು ಎದ್ದು ಕಿಟಕಿಯ ಕಡೆ ಹೋಗಿ ನಿಂತರು. ಕೈಯೆತ್ತಿಬಿಡುತ್ತೇನೋ ಎಂದು ಅವರಿಗೆ ಅವರ ಮೇಲೇ ನಂಬಿಕೆ ಇರಲಿಲ್ಲ. ತಪ್ಪೊಪ್ಪಿಗೆ ಆಮೇಲೆ ಬರೆಸಿಕೊಳ್ಳಬಹುದು, ಈಗ ಆಕೆಯ ಜೀವ ಮುಖ್ಯ ಎಂದು ವೈದ್ಯೆಗೆ ಹೇಳಿದರು. ಆದರೆ ಎಲ್ಲಿಂದಲೋ ಬಂದ, ಅದೂ ಇಂಥವರು ತಂದ ದ್ರವವನ್ನು ಸೂಜಿಗೆ ತುಂಬಲು ವೈದ್ಯೆ ಒಪ್ಪಲಿಲ್ಲ. ಲೇಖನ ತೆರೆದು ಓದತೊಡಗಿದರು. ನಡುನಡುವೆ ಪ್ರಶ್ನೆ ಕೇಳಿದರು, ಹಿಂದಿನ ಪುಟಕ್ಕೆ ಹೋದರು, ಹಿರಿಯ ವೈದ್ಯರೊಬ್ಬರಿಗೆ ಫೋನು ಮಾಡಿ ಚರ್ಚಿಸಿದರು. ಪರೀಕ್ಷೆ ಬರೆದ ಹುಡುಗ ಮೇಷ್ಟ್ರ ಕೆಂಪು ಪೆನ್ನನ್ನೇ ನೋಡುವ ಹಾಗೆ ಮೌನಿ ಅವರನ್ನೇ ನೋಡುತ್ತಿದ್ದರು. ಒಳಗೆ ಒಂದು ಜೀವ ಯಂತ್ರದ ಉಸಿರಿನಲ್ಲಿತ್ತು, ಇಲ್ಲಿ ಈ ಮನುಷ್ಯ ಖುಷಿಯಲ್ಲಿದ್ದರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಇಷ್ಟು ಅಸಹ್ಯವಾದದ್ದನ್ನು ಇನ್‌ಸ್ಪೆಕ್ಟರು ನೋಡಿರಲಿಲ್ಲ.

ಕೊನೆಗೆ ವೈದ್ಯೆ ತಲೆಯೆತ್ತಿ, ಇದು ಸರಿಯಿದೆ ಎಂದರು. ಮೆಕ್ಯಾನಿಕ್ ಒಪ್ಪಿಗೆಪತ್ರಕ್ಕೆ ಓದದೆಯೇ ಸಹಿ ಹಾಕಿದ. ಮಧ್ಯಾಹ್ನ ಎರಡೂವರೆಗೆ ಪ್ರತಿವಿಷ ಕೊಟ್ಟರು. ಅದೇ ಹೊತ್ತಿಗೆ ಹೊರಗಿನ ಮೊಗಸಾಲೆಯಲ್ಲಿ ಮೌನಿಯನ್ನು ದಸ್ತಗಿರಿ ಮಾಡಲಾಯಿತು.

ಸಂಜೆ ಇಬ್ಬರು ನೆರೆಯವರನ್ನು ಪಂಚರಾಗಿ ಕರೆದು ಮೌನಿಯ ಮನೆಯ ಪಂಚನಾಮೆ ಮಾಡಿದರು. ಒಬ್ಬಂಟಿ ಮನುಷ್ಯನ ಅಚ್ಚುಕಟ್ಟಾದ ಮನೆ. ಪ್ರಯೋಗಾಲಯ ಮುಚ್ಚಿದ ದಿನ ಹೊತ್ತು ತಂದ ಗಾಜಿನ ಸೀಸೆಗಳು ಫ್ರಿಜ್ಜಿನಲ್ಲಿ ಹಾಲಿನ ಪಕ್ಕದಲ್ಲೇ ಇದ್ದವು. ತಜ್ಞರು ಬಂದು ಅವನ್ನು ಜಪ್ತಿ ಮಾಡಿ ಒಯ್ಯುವ ತನಕ ಯಾರೂ ಆ ಅಡುಗೆಮನೆಯಲ್ಲಿ ನೀರನ್ನೂ ಮುಟ್ಟಲಿಲ್ಲ.

ಹೇಳಿಕೆಯಲ್ಲಿ ಮೌನಿ ಏನನ್ನೂ ಮುಚ್ಚಿಡಲಿಲ್ಲ. ಆಯುಷ್ಯದ ಅರ್ಧ ಭಾಗ ಒಂದೇ ವಿಷದ ಹಿಂದೆ ಕಳೆದಿದ್ದರು. ಅದು ಯಾರಿಗೂ ತಗಲುವಂಥದ್ದಲ್ಲ, ಆದ್ದರಿಂದ ಅದರ ಬಗ್ಗೆ ಯಾರೂ ಓದಲಿಲ್ಲ. ಒಬ್ಬರಿಗೆ ತಗಲಿದರೆ ವೈದ್ಯರು ಹುಡುಕಿಕೊಂಡು ಬರುತ್ತಾರೆ, ಓದುತ್ತಾರೆ, ಆಗ ತಾವು ಔಷಧಿ ಕೊಟ್ಟು ಉಳಿಸಿದರಾಯಿತು ಎಂಬುದು ಅವರ ಲೆಕ್ಕ. ಆಕೆಯ ಮೇಲೆ ಹಗೆಯಿರಲಿಲ್ಲ. ಆಕೆ ತನ್ನ ಡಬ್ಬಿಯಿಂದ ಯಾರಿಗೂ ಹಂಚುತ್ತಿರಲಿಲ್ಲ, ಬೇರೆಯವರಿಗೆ ತೊಂದರೆಯಾಗುವುದು ಬೇಡವೆಂದು ಆಕೆಯ ಡಬ್ಬಿಯನ್ನೇ ಆರಿಸಿಕೊಂಡಿದ್ದರು. ಒಂದೇ ದಿನದಲ್ಲಿ ಓದುತ್ತಾರೆಂದು ನಂಬಿದ್ದರು. ಓದದಿದ್ದಾಗ ನಕ್ಷೆಯ ಮುಂದೆ ಕೂತು ಕಾದರು. ದಿನ ಕಳೆದಂತೆ ಆಕೆಗೆ ಏನಾಗುತ್ತಿರುತ್ತದೆ ಎಂಬುದು ಅವರಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಮೂರನೆಯ ದಿನ ಬೆರಳು ಮತ್ತೆ ಅಲುಗಾಡಿತು. ಪೂರ್ತಿ ಎದ್ದು ನಡೆಯಲು ತಿಂಗಳುಗಳೇ ಬೇಕು, ಆದರೆ ಉಳಿಯುತ್ತಾಳೆ ಎಂದು ವೈದ್ಯೆ ಹೇಳಿದರು. ಮೆಕ್ಯಾನಿಕ್ ಠಾಣೆಗೆ ಬಂದು, ಯಾಕೆ ಹೀಗೆ ಮಾಡಿದರಂತೆ ಎಂದು ಕೇಳಿದ. ತಾವು ಬರೆದದ್ದನ್ನು ಯಾರಾದರೂ ಓದಲಿ ಅಂತ ಎಂದು ಇನ್‌ಸ್ಪೆಕ್ಟರು ಹೇಳಿದರು. 

“ಕೇಳಿದ್ರೆ ಅವಳೇ ಕೂತು ಓದ್ತಿದ್ದಳಲ್ಲ ಸಾರ್.”

ಸುದ್ದಿ ಹರಡಿ ಮೌನಿಯ ಲೇಖನವನ್ನು ದೇಶದೇಶಗಳ ಜನ ತೆರೆಯತೊಡಗಿದ್ದರು. ನಿರ್ದೇಶಕರು ಹೊರಕೋಣೆಯ ಪರದೆಯನ್ನು ಆರಿಸಿಬಿಟ್ಟಿದ್ದರು. ಲಾಕಪ್ಪಿನಲ್ಲಿ ಮೌನಿ ಆ ಬಗ್ಗೆ ವಿಚಾರಿಸಲಿಲ್ಲ. ಪೊಲೀಸ್ ಕಸ್ಟಡಿ ಮುಗಿದು ಮತ್ತೆ ನ್ಯಾಯಾಲಯಕ್ಕೆ ಕರೆದೊಯ್ಯುವ ದಿನ ಬಾಗಿಲು ತೆರೆಯಲು ಬಂದ ಮಹಿಳಾ ಪೇದೆಯನ್ನು ನಿಲ್ಲಿಸಿ, ತಗ್ಗಿದ ದನಿಯಲ್ಲಿ ಒಂದೇ ಮಾತು ಕೇಳಿದರು.

“ತೆರೆದಿದ್ದು ನೀವೇ ಅಲ್ವಾ? ಎಲ್ಲಿವರೆಗೆ ಓದಿದಿರಿ?”

“ಮೊದಲನೇ ಪುಟದಲ್ಲಿ ನಿಮ್ಮ ಹೆಸರು ನೋಡಿದೆ ಸಾರ್,” ಎಂದಳು ಆಕೆ. “ಮುಂದೆ ಅರ್ಥ ಆಗಲಿಲ್ಲ. ಮುಚ್ಚಿಬಿಟ್ಟೆ.”

ಮೌನಿ ಕೈ ಮುಂದೆ ಚಾಚಿದರು. ಪೇದೆ ಬೇಡಿ ಹಾಕಿ ವ್ಯಾನಿನ ಕಡೆ ನಡೆಸಿಕೊಂಡು ಹೋದಳು.