ಬೇಸ್ ಅಂದ್ರ ಏನ್ರೀ?

"ನಿಲ್ರೀ ಅಕ್ಕೋರ! ಇನ್ನೊಂದ ಹೆಜ್ಜಿ ಇಟ್ರ ನನ್ನ ಗಾಡೀನ ಎಳಕೊಂಡ ಹೋಗ್ತೀರಿ!"

ಉಡಚವ್ವ ತಟ್ಟನೆ ನಿಂತಳು. ಕೊರಳಲ್ಲಿ ಆಗಷ್ಟೇ ಹಾಕಿಕೊಂಡ ಭಾರವಾದ ಗಿಟಾರು, ಅದರಿಂದ ಹೊರಟ ಕರಿ ವೈರು, ವೈರಿನ ಆ ತುದಿಗೆ ಒಂದು ಕೈಗಾಡಿ... ಗಾಡಿಯ ಹಿಂದೆ ಎರಡೂ ಕೈ ಎತ್ತಿ ನಿಂತ ಒಬ್ಬ ತರುಣ!

ಮೈದಾನದ ತುಂಬ ಮಕ್ಕಳು ಗೊಳ್ಳೆಂದು ನಕ್ಕರು. ಉಡಚವ್ವನ ಮುಖ ಕೆಂಪಾಯಿತು.

"ಎಷ್ಟ ಉದ್ದ ಐತ್ರೀ ಇದು?"

"ಹನ್ನೆರಡ ಅಡಿರಿ. ನೀವು ಮುಂದ, ನಾ ಹಿಂದ. ಜನವರಿ ಇಪ್ಪತ್ತಾರನೇ ತಾರೀಖಿನತನಕ ನಮ್ಮಿಬ್ಬರ ನಡುವ ಇಷ್ಟ ಅಂತರ ನೋಡ್ರಿ."

ಎಂಥ ಮಾತುಗಾರ! ಸಿಟ್ಟು ಬರಬೇಕಿತ್ತು. ಯಾಕೋ ಬರಲಿಲ್ಲ...

ಅದು ೧೯೬೬ರ ಡಿಸೆಂಬರು. ಹುಬ್ಬಳ್ಳಿಯ ವಿದ್ಯಾನಗರದ ಹೈಸ್ಕೂಲೊಂದರ ಬ್ಯಾಂಡಿನಲ್ಲಿ ಡ್ರಮ್ಮು, ಬಿಗಲು, ಕೊಳಲು ಎಲ್ಲ ಇದ್ದವು. ರೈಲ್ವೆ ಕಾಲನಿ ಬಿಟ್ಟು ಊರಿಗೆ ಹೊರಟ ಗೋವಾದ ಮುದುಕ ವಾದ್ಯಗಾರನೊಬ್ಬ ತನ್ನ ಬೇಸ್ ಗಿಟಾರನ್ನು ಶಾಲೆಗೇ ಕೊಟ್ಟು ಹೋಗಿದ್ದ. ನಾಲ್ಕೇ ನಾಲ್ಕು ದಪ್ಪ ತಂತಿ. ಸುಮ್ಮನೆ ಮೀಟಿದರೆ ಸೊಳ್ಳೆಯ ದನಿ. ವಿದ್ಯುತ್ತು ಹರಿಸಿದರೆ ಮಾತ್ರ ಕಾಲ ಕೆಳಗಿನ ನೆಲವೇ ಗುಂಯ್‌ಗುಡುತ್ತಿತ್ತು.

ಆದರೆ ಬೀದಿಯಲ್ಲಿ ನಡೆಯುವ ಬ್ಯಾಂಡಿಗೆ ವಿದ್ಯುತ್ತು ಎಲ್ಲಿಂದ ಬರಬೇಕು? ಅದಕ್ಕೇ ಅಮೀನಸಾಬರ ಲೌಡ್‌ಸ್ಪೀಕರ್ ಅಂಗಡಿಯಿಂದ ಗಂಗಪ್ಪ ಬಂದಿದ್ದ. ಕೈಗಾಡಿಯ ಮೇಲೆ ಮೋಟಾರಿನ ಬ್ಯಾಟರಿ, ಆಂಪ್ಲಿಫೈಯರು, ಚಹಾಪುಡಿಯ ಖೋಕಾಪೆಟ್ಟಿಗೆಯಲ್ಲಿ ಅವನೇ ಕೂರಿಸಿದ ಸ್ಪೀಕರು!

ಮಕ್ಕಳ ಬೆರಳಿಗೆ ಆ ತಂತಿ ಬಗ್ಗಲಿಲ್ಲ. ಒಂದು ಮಧ್ಯಾಹ್ನ ಎಂಟನೆಯ ಇಯತ್ತೆಗೆ ಕನ್ನಡ ಕಲಿಸುವ ಉಡಚವ್ವ ಸುಮ್ಮನೆ ಒತ್ತಿ ನೋಡಿದಳು. ಬಗ್ಗಿತು. ಆಶ್ಚರ್ಯವೇನು? ಗೋಪನಕೊಪ್ಪದ ಹುಲಗಪ್ಪನ ಮಗಳು ಅವಳು. ಅಪ್ಪನ ಹಲಗಿಯ ಪಕ್ಕದಲ್ಲಿ ಕೂತು, ಅಕ್ಷರಕ್ಕಿಂತ ಮೊದಲು ತಾಳ ಕಲಿತವಳು!

ಅಪ್ಪನಿಗೆ ಹೇಳಿದಾಗ ಅವನು ಕಣ್ಣು ಕಿರಿದು ಮಾಡಿ ಕೇಳಿದ್ದ, "ಬೇಸ್ ಗಿಟಾರ ಅಂದ್ರ? ಛಲೋ ಗಿಟಾರ ಅಂತೇನ?"

ಹುಬ್ಬಳ್ಳಿಯ ಕಿವಿಗೆ ಬೇಷ್ ಎಂದರೂ ಒಂದೇ, ಬೇಸ್ ಎಂದರೂ ಒಂದೇ. ಎರಡೂ ಶಾಭಾಸ್‌ಗಿರಿಯೇ! ಉಡಚವ್ವ ಬಿದ್ದುಬಿದ್ದು ನಕ್ಕಿದ್ದಳು. ಆ ನಗುವೇ ಮುಂದೆ ತನ್ನನ್ನು ಅಳಿಸುತ್ತದೆ ಎಂದು ಪಾಪ, ಅವಳಿಗೇನು ಗೊತ್ತು?

ಅಭ್ಯಾಸ ಶುರುವಾಯಿತು. ಬ್ಯಾಂಡ್ ಕಲಿಸುವ ತ್ರ್ಯಂಬಕ ಮಾಸ್ತರರಿಗೆ ಈ ಹೊಸ ವಾದ್ಯದ ಮೇಲೆ ನಂಬಿಕೆಯಿಲ್ಲ.

"ಡ್ರಮ್ ಕೇಳಸ್ತೈತಿ, ಬಿಗಲ್ ಕೇಳಸ್ತೈತಿ. ನಿಮ್ಮದೇನ್ರಿ ಅಕ್ಕೋರ, ಇದ್ದೂ ಇಲ್ಲದಂಗ! ಇಪ್ಪತ್ತಾರನೇ ತಾರೀಖು ನೋಡೋಣು. ಮಂದಿಗೆ ಕೇಳಸ್ಲಿಲ್ಲ ಅಂದ್ರ ಕಪಾಟಿನ್ಯಾಗ ಇಟ್ಟಬಿಡೂದು."

ಅವಳ ಮೀಟು ಕುಗ್ಗಿತು. ಖರೇನೇ? ಯಾರಿಗೂ ಕೇಳಿಸುವುದಿಲ್ಲವೇ? ಅಪ್ಪನ ಹಲಗಿಗೆ ಊರೆಲ್ಲ ಕುಣಿಯುತ್ತಿತ್ತು, ಅಪ್ಪನನ್ನು ಮಾತ್ರ ಯಾರೂ ತಿರುಗಿ ನೋಡುತ್ತಿರಲಿಲ್ಲ. ನನ್ನದೂ ಅದೇ ಹಾಡೇ?

ಆಗಲೇ ಹಿಂದಿನಿಂದ, ಹನ್ನೆರಡು ಅಡಿಯ ಆಚೆಯಿಂದ ಒಂದು ದನಿ ಬಂತು...

"ಬೇಸ್!"

ಬೇಸ್! ಅವಳ ಬೆನ್ನು ನೆಟ್ಟಗಾಯಿತು. ಮೀಟಿನಲ್ಲಿ ಜೀವ ಬಂತು. ಅವಳು ಹಾಡಿನ ಒಂದು ಕಠಿಣ ತಿರುವು ದಾಟಿದಳು. ಮತ್ತೆ "ಬೇಸ್!"

ಹೆಚ್ಚಿಲ್ಲ, ಕಡಿಮೆಯಿಲ್ಲ. ಅವಳ ಕೈ ನಿಜವಾಗಿ ಚೆನ್ನಾಗಿ ನಡೆದಾಗ ಮಾತ್ರ ಆ ಮಾತು. ಅದೆಂಥ ಕಿವಿ ಅವನದು! ಬ್ಯಾಟರಿಯ ನೀರು ನೋಡುತ್ತ, ಕಲ್ಲು ತಪ್ಪಿಸಿ ಗಾಡಿ ತಳ್ಳುತ್ತ, ವೈರು ಬಿಗಿಯದಂತೆ ಅವಳ ಹೆಜ್ಜೆಗೆ ಹೆಜ್ಜೆ ಹಾಕುತ್ತ, ಒಂದು ಸ್ವರವನ್ನೂ ಬಿಡದೆ ಕೇಳುತ್ತಿದ್ದ. ದಿನವೂ ಬೆಳಿಗ್ಗೆ ಜಡೆ ಹೆಣೆಯುವಾಗ ಕನ್ನಡಿಯ ಮುಂದೆ ಅವಳು ಮೆಲ್ಲಗೆ ಅಂದುಕೊಳ್ಳುತ್ತಿದ್ದಳು: ಊರಾಗ ಒಬ್ಬರಿಗಾದ್ರೂ ನಾ ಕೇಳಸ್ತೇನಿ...

ಜನವರಿಯ ಮೂರನೆಯ ವಾರ. ಮೈದಾನದಲ್ಲಿ ಮಾಸ್ತರರೆಲ್ಲ ನೆರೆದಿದ್ದರು. ಗಂಗಪ್ಪ ಎಂದಿನಂತೆ ಕೂಗಿದ. ತ್ರ್ಯಂಬಕ ಮಾಸ್ತರ ಗಕ್ಕನೆ ತಿರುಗಿದರು.

"ಏನೋ ಗಂಗಪ್ಪ, ದಿನಾ ಅಕ್ಕೋರ ಹಿಂದ ಅದೇನ ಬೇಸ್, ಬೇಸ್ ಅಂತ ಕೂಗ್ತಿ?"

ಎಲ್ಲರ ಕಣ್ಣೂ ಅವನ ಮೇಲೆ. ಯಾರೋ ಕಿಸಕ್ಕೆಂದರು.

ಗಂಗಪ್ಪ ತಲೆ ತಗ್ಗಿಸಿದ. "ಏನಿಲ್ರಿ ಸರ... ಅದು ಬೇಸ್ ಗುಂಡಿರಿ. ದನಿ ದಪ್ಪ ಮಾಡಾಕ ಗಿಟಾರದ ಬೇಸ್ ಗುಂಡಿ ತಿರುವ್ರಿ ಅಂತ ಹೇಳತೇನ್ರಿ."

ಗುಂಡಿ!

ಗಿಟಾರಿನ ಮೇಲೆ ಎರಡು ಗುಂಡಿಗಳಿದ್ದವು. ಎರಡನೆಯದನ್ನು ಅವಳು ಎಂದೂ ಮುಟ್ಟಿರಲಿಲ್ಲ. ಹಾಗಾದರೆ ಇಷ್ಟು ದಿನ... ಅದು ಶಾಭಾಸ್‌ಗಿರಿಯಲ್ಲ, ಬರೀ ಗುಂಡಿಯ ಹೆಸರು! ಎಂಥ ಹುಚ್ಚಿ ನಾನು! ಗುಂಡಿಯ ಹೆಸರಿಗೆ ಹೂ ಮುಡಿದುಕೊಂಡು ಬರುತ್ತಿದ್ದೆನಲ್ಲ!

"ನಾಳಿಂದ ಕೂಗಬ್ಯಾಡ್ರಿ," ಎಂದಳು ಅವನ ಮುಖ ನೋಡದೆ. "ಗುಂಡಿ ನಾನ ತಿರುವಿಕೋತೇನಿ."

"ಅಕ್ಕೋರ, ಅದು..."

"ಸಾಕ್ರಿ."

ಮರುದಿನದಿಂದ ಹಿಂದಿನಿಂದ ಗಾಲಿಯ ಕಿರುಗುಟ್ಟುವಿಕೆ ಬಿಟ್ಟರೆ ಬೇರೆ ಸದ್ದಿಲ್ಲ. ಉಡಚವ್ವ ಹಟಕ್ಕೆ ಬಿದ್ದವಳಂತೆ ಆ ಎರಡನೆಯ ಗುಂಡಿಯನ್ನು ತಿರುವಿದ್ದೇ ತಿರುವಿದ್ದು. ದನಿಯಲ್ಲಿ ಕೂದಲೆಳೆಯಷ್ಟೂ ಫರಕು ಕಾಣಲಿಲ್ಲ. ಅಳು ನುಂಗುತ್ತಿದ್ದವಳಿಗೆ ಅದು ಯಾಕೆಂದು ಹೊಳೆಯಲಿಲ್ಲ.

ಇಪ್ಪತ್ತಾರನೆಯ ತಾರೀಖು ಬಂತು. ರಸ್ತೆಯ ಎರಡೂ ಬದಿಗೆ ಜನ. ಗೋಪನಕೊಪ್ಪದಿಂದ ಹುಲಗಪ್ಪ ಒಗೆದ ರುಮಾಲು ಸುತ್ತಿಕೊಂಡು ಬಂದು ಮುಂದಿನ ಸಾಲಿನಲ್ಲೇ ನಿಂತಿದ್ದ. ಬ್ಯಾಂಡು ಹೊರಟಿತು. ಇವತ್ತು ಕೇಳಿಸದಿದ್ದರೆ ಕಪಾಟು. ಆಮೇಲೆ ವೈರೂ ಇಲ್ಲ, ಗಾಡಿಯೂ ಇಲ್ಲ, ಅವನೂ ಇಲ್ಲ... ಇಲ್ಲದಿದ್ದರೆ ನನಗೇನಂತೆ!

ಆ ಸಿಟ್ಟಿಗೆ ಅವಳ ಹೆಜ್ಜೆ ಬಿರುಸಾಯಿತು. ಗಂಗಪ್ಪ ಗಾಡಿಯನ್ನು ಜೋರಾಗಿ ತಳ್ಳಿದರೂ ಮುಟ್ಟಲಾಗಲಿಲ್ಲ. ಜಗ್ಗಿದ ವೈರು ಅವಳಿಂದ ಮೂರಡಿ ದೂರದಲ್ಲೇ ಟಪ್ಪನೆ ಹರಿಯಿತು.

ಗಿಟಾರು ಮೂಕವಾಯಿತು.

ಆಗ ನಡೆದದ್ದನ್ನು ವಿದ್ಯಾನಗರದ ಜನ ಬಹಳ ದಿನ ಆಡಿಕೊಂಡರು. ಡ್ರಮ್ಮು ಬಾರಿಸುತ್ತಲೇ ಇತ್ತು, ಬಿಗಲು ಊದುತ್ತಲೇ ಇತ್ತು, ಆದರೂ ಮಕ್ಕಳ ಹೆಜ್ಜೆ ತಪ್ಪಿತು! ಎಡಗಾಲಿಗೆ ಬಲಗಾಲು, ಬಲಗಾಲಿಗೆ ಎಡಗಾಲು. ತ್ರ್ಯಂಬಕ ಮಾಸ್ತರ ಕಂಗಾಲಾಗಿ ತಿರುಗಿದರು.

"ಏನಾತು? ಏನೋ ಹೋತಲ್ರೋ! ನೆಲಾನ ಹೋದಂಗಾತು!"

ರಸ್ತೆಬದಿಯಿಂದ ಹುಲಗಪ್ಪನ ದನಿ ಬಂತು. "ನನ್ನ ಮಗಳ ಬಾರ್ಸೂದು ನಿಂತೈತ್ರಿ ಸರ!"

ಉಡಚವ್ವ ಗಾಡಿಯತ್ತ ಓಡಿದಳು. ಗಂಗಪ್ಪ ಅವಳ ಗಿಟಾರಿನಿಂದ ಜೋತ ಮೂರಡಿ ತುಂಡನ್ನು ಹಿಡಿದು, ಹಲ್ಲಿನಿಂದ ಸಿಪ್ಪೆ ಸುಲಿದು, ಒಳಗಿನ ತಂತಿಯನ್ನು ಆಂಪ್ಲಿಫೈಯರಿನ ತೂತಿಗೆ ಒತ್ತಿ ಹಿಡಿದ.

"ನಾ ಕೈ ಬಿಡೂದಿಲ್ಲ. ನೀವು ಬಾರಸ್ರಿ. ಇಲ್ಲೇ, ನನ್ನ ಬಾಜೂಕ ನಡೀರಿ!"

ಒಂದು ಕೈಯಲ್ಲಿ ತಂತಿ, ಇನ್ನೊಂದು ಕೈ ಮತ್ತು ಎದೆಯಿಂದ ಗಾಡಿ. ಅವನು ತಳ್ಳಿದ. ಅವಳು ಮೀಟಿದಳು. ನೆಲ ಮತ್ತೆ ಗುಂಯ್‌ಗುಟ್ಟಿತು. ಮಕ್ಕಳ ಹೆಜ್ಜೆ ತಾನಾಗಿ ಕೂಡಿಕೊಂಡಿತು. ಆ ಕಠಿಣ ತಿರುವನ್ನು ಅವಳು ಎಂದಿಗಿಂತ ಸೊಗಸಾಗಿ ದಾಟಿದಳು. ಪಕ್ಕದಿಂದ, ತಡೆಯಲಾಗದೆ, ಒಂದು ಮಾತು ಜಾರಿತು.

"ಬೇಸ್!"

ಅವಳ ಕೈ ಅಭ್ಯಾಸಬಲದಿಂದ ಗುಂಡಿಯತ್ತ ಹೋಗಬೇಕು... ಅಷ್ಟರಲ್ಲಿ ಕಣ್ಣು ಆಂಪ್ಲಿಫೈಯರಿನ ಹಿಂಬದಿಗೆ ಬಿತ್ತು. ಇಷ್ಟು ದಿನ ಮುಂದೆ ನಡೆದವಳಿಗೆ ಎಂದೂ ಕಾಣದ ಬದಿ ಅದು. ಅಲ್ಲಿ ಅವನ ಕೈಯಳತೆಯಲ್ಲೇ ಒಂದು ಗುಂಡಿ. ಅದರ ಮೇಲೆ ಬಿಳಿ ಬಣ್ಣದಲ್ಲಿ ಅವನದೇ ಅಕ್ಷರ: ಬೇಸ್.

ಮೆರವಣಿಗೆ ಮುಗಿಯಿತು. ಮಕ್ಕಳು ಪೇಢೆಗೆ ಮುಗಿಬಿದ್ದರು. ತ್ರ್ಯಂಬಕ ಮಾಸ್ತರ ಬಂದು, "ಅಕ್ಕೋರ, ಕಪಾಟಿನ ಮಾತು ಮರತಬಿಡ್ರಿ," ಎಂದು ಕೈಮುಗಿದು ಹೋದರು. ಉಡಚವ್ವ ಗಾಡಿಯ ಬಳಿ ಬಂದಳು.

"ಬೇಸ್ ಗುಂಡಿ ನಿಮ್ಮ ಕೈಯಾಗ ಐತಿ. ಹಂಗಾರ ನನ್ನ ಗಿಟಾರದ ಮ್ಯಾಲಿಂದು?"

"ಅದಕ್ಕ ಒಳಗ ವೈರ ಇಲ್ರಿ. ಎಂದೋ ಹರದೈತಿ. ನಾನ ಬಿಚ್ಚಿ ನೋಡೇನಿ."

"ಅಂದ್ರ... ಮಾಸ್ತರ ಮುಂದ ಸುಳ್ಳ ಹೇಳಿದ್ರಿ?"

"ಮತ್ತೇನ ಹೇಳ್ಲಿರಿ?" ಗಂಗಪ್ಪ ಹರಿದ ವೈರು ಸುತ್ತತೊಡಗಿದ. "ಅಕ್ಕೋರ ಬಾರಸಾಕತ್ತಾಗ ನನ್ನ ಎದಿ ತುಂಬತೈತಿ ಅಂತ ಹತ್ತ ಮಂದಿ ಮುಂದ ಹೇಳಬೇಕಿತ್ತೇನು? ನಿಮ್ಮ ಹೆಸರಿಗೆ ಮಾತ ಬರ್ತಿತ್ರಿ. ಗುಂಡಿ ಹೆಸರ ಕೆಟ್ರ ಯಾರಿಗೇನು?"

ಅವಳ ಕಣ್ಣು ತುಂಬಿ ಬಂತು. ಎಂಟು ದಿನ ಬೈದುಕೊಂಡೆನಲ್ಲ ಈ ಬಂಗಾರದಂಥ ಮನುಷ್ಯನನ್ನು! ತಂತಿ ಒತ್ತಿ ಕೆಂಪಾದ ಅವನ ಹೆಬ್ಬೆರಳನ್ನು ನೋಡಿದಳು.

"ಹೊಸಾ ವೈರ ತರಬೇಕ್ರಿ," ಎಂದ ಅವನು, ಏನು ಹೇಳಬೇಕೆಂದು ತಿಳಿಯದೆ. "ಹನ್ನೆರಡ ಅಡಿ..."

"ಬ್ಯಾಡ್ರಿ. ಮೂರಡಿ ಸಾಕು."

ಗಂಗಪ್ಪ ಒಂದು ಕ್ಷಣ ಅರ್ಥವಾಗದೆ ನಿಂತ. ಅರ್ಥವಾದ ಮೇಲೆ ಕಿವಿಯವರೆಗೂ ನಾಚಿದ.

"ಹಂಗಾರ... ನಿಮ್ಮಪ್ಪಾರು ಅಲ್ಲೇ ನಿಂತಾರ. ಹೋಗಿ ಕೇಳ್ಲೇನ್ರೀ ಅಕ್ಕೋರ?"

"ಅಕ್ಕೋರ ಅಂತ ಕರಕೋತ ಹೋಗಿ ಕೇಳ್ತೀರೇನು?" ಉಡಚವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. "ಮೊದಲ ಹೆಸರ ಹಿಡದ ಕರೀರಿ ನೋಡೋಣು."

ಅವನು ಆಚೀಚೆ ನೋಡಿದ. ಆಮೇಲೆ ಮೆಲ್ಲಗೆ, ಅವಳಿಗಷ್ಟೇ ಕೇಳುವಂತೆ...

"ಉಡಚವ್ವಾ..."

"ಬೇಸ್!" ಎಂದಳು ಅವಳು.