ಮುಂಪಾಯಸ, ಹಿಂಪಾಯಸ ಮತ್ತು ಹಾಲುಬಾವಿಯ ಮದುವೆಯೂಟ

ಈ ಕತೆಯಲ್ಲಿ ಒಂದೇ ಒಂದು ಮಾತು ಸುಳ್ಳಿದ್ದರೂ ನನ್ನ ಮೀಸೆ ಉದುರಿಹೋಗಲಿ. ನನ್ನ ಮೀಸೆ ಎಂಥದ್ದು ಅಂತ ಗೊತ್ತಲ್ಲ? ಒಂದು ಸಲ ಅದರ ಎಡತುದಿಯಲ್ಲಿ ಗುಬ್ಬಿ ಗೂಡು ಕಟ್ಟಿ ಮರಿ ಮಾಡಿತ್ತು. ಮರಿಗಳು ಹಾರುವ ತನಕ ನಾನು ಸೀನಲಿಲ್ಲ. ಅಂಥ ಮೀಸೆಯನ್ನು ಪಣಕ್ಕಿಟ್ಟಿದ್ದೇನೆ. ಇನ್ನು ಕೇಳಿ.

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ, ಹಾಲುಬಾವಿ ಎಂಬ ರಾಜ್ಯವಿತ್ತು. ಅಲ್ಲಿ ಅಪ್ಪನ ಸಿಂಹಾಸನ ಮಗನಿಗೆ ಬರುತ್ತಿರಲಿಲ್ಲ. ಐದು ವರ್ಷಕ್ಕೊಮ್ಮೆ ರಾಜ್ಯದ ಪ್ರಜೆಗಳೆಲ್ಲ ಸಾಲಾಗಿ ನಿಂತು, ತಮಗೆ ಬೇಕಾದವನ ಗಡಿಗೆಗೆ ಒಂದೊಂದು ಅವರೆಕಾಳು ಹಾಕುತ್ತಿದ್ದರು. ಯಾರ ಗಡಿಗೆ ಭಾರವೋ ಅವನೇ ದೊರೆ. ಸೋತವನು ಆ ಕಾಳನ್ನೆಲ್ಲ ಬೇಯಿಸಿ ಊರಿಗೆ ಉಸಲಿ ಹಂಚುತ್ತಿದ್ದ. ಹೊಟ್ಟೆ ತುಂಬಿದ ಮೇಲೆ ಯಾರು ಗೆದ್ದರೆಂದು ಯಾರಿಗೂ ನೆನಪಿರುತ್ತಿರಲಿಲ್ಲ.

ಹಾಲುಬಾವಿಯಲ್ಲಿ ಒಂದು ಕೊಪ್ಪರಿಗೆಯಿತ್ತು. ಅದರಲ್ಲಿ ಇಡೀ ರಾಜ್ಯಕ್ಕೆ ಒಮ್ಮೆಗೇ ಅಡಿಗೆಯಾಗುತ್ತಿತ್ತು. ಅದು ಊರ ಚೌಕದಲ್ಲಿ ಕೂತಿತೆಂದರೆ ಎಲ್ಲರೂ ಬಂದು ಉಣ್ಣಲೇಬೇಕು. ಅದರಲ್ಲಿ ಮಾಡಿದ ಪಾಯಸದ ಗೋಡಂಬಿ ಒಂದೊಂದೂ ಮುಷ್ಟಿಗಾತ್ರ ಇರುತ್ತಿತ್ತು. ಗೋಡಂಬಿಯ ಮಾತನ್ನು ನೆನಪಿಟ್ಟುಕೊಳ್ಳಿ.

ಅಲ್ಲಿಯ ಪಂಕ್ತಿಗೆ ಒಂದು ಕಟ್ಟಳೆಯಿತ್ತು. ಎಲೆಗೆ ಕೈ ಹಚ್ಚಿದ ಮೇಲೆ, ಸಾಲಿನಲ್ಲಿ ಕಟ್ಟಕಡೆಯವನು ಉಂಡು ಮುಗಿಸುವ ತನಕ ಯಾರೂ ಏಳುವಂತಿಲ್ಲ. ಎದ್ದವನು ನಿಂತಲ್ಲೇ ಬಾಳೆಗಿಡವಾಗುತ್ತಿದ್ದ. ಆ ರಾಜ್ಯದಲ್ಲಿ ಬಾಳೆಲೆಗೆ ಬರವಿಲ್ಲದ್ದು ಅದಕ್ಕೇ. ಮದುವೆಗೂ ಅದೇ ಕಟ್ಟಳೆ. ತಾಳಿ ಕಟ್ಟಿದರೆ ಸಾಲದು. ಎರಡೂ ಮನೆಯವರು ಒಂದೇ ಪಂಕ್ತಿಯಲ್ಲಿ ಉಂಡು ಒಟ್ಟಿಗೆ ಎದ್ದರೇ ಮದುವೆ.

ಆ ರಾಜ್ಯದ ಅಂಚಿಗೆ ಕಪ್ಪುಗುಡ್ಡ. ಅಲ್ಲಿ ಚುಚ್ಚಪ್ಪ ಎಂಬ ಮಾಂತ್ರಿಕನಿದ್ದ. ಅವನು ಅನ್ನ ಉಣ್ಣುತ್ತಿರಲಿಲ್ಲ, ನೀರು ಕುಡಿಯುತ್ತಿರಲಿಲ್ಲ. ಅವನ ಆಹಾರ ಜಗಳ. ಗಂಡಹೆಂಡಿರ ಮುನಿಸು ಅವನಿಗೆ ಹುರಿಗಡಲೆ. ಅಣ್ಣತಮ್ಮಂದಿರ ಕಿತ್ತಾಟ ಬೆಳಗಿನ ತಿಂಡಿ. ಊರಿಗೂರೇ ಹೊಡೆದಾಡಿದರೆ ಹೋಳಿಗೆಯೂಟ. ಜಗಳ ನಡೆದಂತೆಲ್ಲ ಬೆಳೆಯುತ್ತಿದ್ದ, ನಿಂತರೆ ಕುಗ್ಗುತ್ತಿದ್ದ. ಹಾಲುಬಾವಿಯವರ ಸುಖಕ್ಕೆ ಪಾಪ, ಅವನು ನುಗ್ಗೇಕಾಯಿಯಷ್ಟಾಗಿದ್ದ.

ಒಂದು ವರ್ಷ ಚುನಾವಣೆ ಹತ್ತಿರ ಬಂತು. ಚುಚ್ಚಪ್ಪ ಮೊದಲು ಕೊಪ್ಪರಿಗೆಯನ್ನು ಮಂತ್ರ ಹಾಕಿ ಕದ್ದ. ಆಮೇಲೆ ನೊಣವಾಗಿ ಹಾರಿ, ಗಡಿಗೆ ಇಡಲು ಹೊರಟಿದ್ದ ಸೋಮಗೊಂಡನ ಕಿವಿಯಲ್ಲಿ ಕೂತ.

"ಗೌಡ್ರೇ, ಕೆರೆ ತೂಬು ಒಡೆದಿದೆ ಅಂತ ಭಾಷಣ ಮಾಡಿದ್ರೆ ಯಾರು ಕೇಳ್ತಾರೆ? ಪಾಯಸ ಊಟಕ್ಕೆ ಮೊದಲು ಬಡಿಸೋದೇ ನಮ್ಮ ಹಿರೀಕರ ಪದ್ಧತಿ, ಅದಕ್ಕೀಗ ಆಪತ್ತು ಬಂದಿದೆ ಅನ್ನಿ. ಕಾಳು ಹೊಳೆಯಾಗಿ ಹರೀತವೆ."

ಅಲ್ಲಿಂದ ಹಾರಿ ಇನ್ನೊಬ್ಬ ಅಭ್ಯರ್ಥಿ ದ್ಯಾವನಾಯಕನ ಕಿವಿಯಲ್ಲಿ ಕೂತ. "ನಾಯಕರೇ, ಪಾಯಸ ಊಟದ ಕೊನೆಗೇ ಅಲ್ಲವಾ? ಅದನ್ನ ಕೆಡಿಸೋಕೆ ಅವರು ಹೊರಟಿದ್ದಾರೆ."

ಅಲ್ಲಿಯವರೆಗೆ ಹಾಲುಬಾವಿಯಲ್ಲಿ ಪಾಯಸ ಯಾವಾಗ ಬಿಸಿಯಿತ್ತೋ ಆಗ ಬಡಿಸುತ್ತಿದ್ದರು. ಈಗ ಮುಂಪಾಯಸ ಪಕ್ಷ, ಹಿಂಪಾಯಸ ಪಕ್ಷ ಹುಟ್ಟಿದವು. ಮುಂಪಾಯಸದವರು ಪೇಟಕ್ಕೆ ಸೌಟನ್ನು ನೆಟ್ಟಗೆ ಸಿಕ್ಕಿಸಿಕೊಂಡರು, ಹಿಂಪಾಯಸದವರು ತಲೆಕೆಳಗಾಗಿ. ಮುಂಪಾಯಸದ ಕ್ಷೌರಿಕ ಹಿಂಪಾಯಸದವರಿಗೆ ಅರ್ಧ ತಲೆ ಬೋಳಿಸಿ ಎಬ್ಬಿಸಿದ. ಹಿಂಪಾಯಸದ ಸೂಲಗಿತ್ತಿ "ಕೂಸಿನ ಪಕ್ಷ ಯಾವುದು ಹೇಳಿ, ಆಮೇಲೆ ಹೊಕ್ಕುಳಬಳ್ಳಿ" ಅಂದಳು. ತೂಬಿನಿಂದ ನೀರು ಸೋರಿ ಕೆರೆ ಬರಿದಾಗುತ್ತಿತ್ತು. ಯಾರೂ ನೋಡಲಿಲ್ಲ. ಕಪ್ಪುಗುಡ್ಡದಲ್ಲಿ ಚುಚ್ಚಪ್ಪ ತೆಂಗಿನಮರದಷ್ಟಾದ, ಗೋಪುರದಷ್ಟಾದ.

ಇವರ ನಡುವೆ ಸಿಕ್ಕಿಕೊಂಡವರು ಇಬ್ಬರು. ಸೋಮಗೊಂಡನ ಮಗ ಮಾಚ, ದ್ಯಾವನಾಯಕನ ಮಗಳು ಸಂಪಿ. ಹೋದ ಸುಗ್ಗಿಯಲ್ಲಿ ಇಬ್ಬರಿಗೂ ಎಲೆಅಡಿಕೆ ಶಾಸ್ತ್ರ ಆಗಿತ್ತು. ಈಗ ಎರಡು ಪಕ್ಷಗಳೂ ಡಂಗುರ ಹೊಡೆಸಿದ್ದವು: "ನಾವು ಗೆದ್ದ ದಿನದಿಂದ ಮುಂಪಾಯಸದ ಮನೆಗೂ ಹಿಂಪಾಯಸದ ಮನೆಗೂ ಹೆಣ್ಣು ಕೊಟ್ಟು ತರುವಂತಿಲ್ಲ." ಮಿಕ್ಕ ಎಲ್ಲದರಲ್ಲೂ ಜಗಳವಾಡುತ್ತಿದ್ದವರು ಇದೊಂದರಲ್ಲಿ ಅಕ್ಷರಕ್ಕಕ್ಷರ ಒಂದಾಗಿದ್ದರು. ಯಾರು ಗೆದ್ದರೂ ಮಾಚ, ಸಂಪಿ ಸೋತಂತೆ. ಮದುವೆಯಾದರೆ ಚುನಾವಣೆಗೆ ಮೊದಲೇ ಆಗಬೇಕು.

ಮಾಚ ತನ್ನ ಸೋದರಮಾವ ಬೊಮ್ಮಲಿಂಗಯ್ಯನ ಮನೆ ಜಗಲಿಯಲ್ಲಿ ಕೂತು ಅತ್ತ. ಈ ಬೊಮ್ಮಲಿಂಗಯ್ಯ ನಮ್ಮ ವಂಶದ ಮೂಲಪುರುಷ. ಅವನಷ್ಟು ನಿಧಾನವಾಗಿ ಉಣ್ಣುವವನು ಭೂಮಿಯ ಮೇಲೆ ಹುಟ್ಟಿಲ್ಲ. ಒಬ್ಬ ದೊರೆಯ ಕಾಲದಲ್ಲಿ ತಿಂಡಿಗೆ ಕೂತು ಇನ್ನೊಬ್ಬನ ಕಾಲದಲ್ಲಿ ಕೈ ತೊಳೆದವನು. ಅವನಿಗೆ ಪಕ್ಷವಿರಲಿಲ್ಲ, ಪಕ್ಷಗಳು ಹುಟ್ಟಿದಾಗ ಅವನು ಊಟಕ್ಕೆ ಕೂತಿದ್ದ.

"ಅಳ್ತಾ ಕೂತ್ರೆ ಯಾರು ತಾಳಿ ಕಟ್ತಾರೆ?" ಅಂದಳು ಪಕ್ಕದಲ್ಲೇ ಕೂತಿದ್ದ ಸಂಪಿ. "ಚುಚ್ಚಪ್ಪ ಕದ್ದಿರೋ ಕೊಪ್ಪರಿಗೆ ಕಪ್ಪುಗುಡ್ಡದಿಂದ ತರೋಣ. ಅದು ಚೌಕದಲ್ಲಿ ಕೂತ್ರೆ ಇಡೀ ರಾಜ್ಯ ಬರುತ್ತೆ. ಇಡೀ ರಾಜ್ಯ ಸೇರಿರೋ ಕಡೆ, ಚುನಾವಣೆ ಮುಂದಿಟ್ಕೊಂಡು, ನಮ್ಮಪ್ಪ ಆಗಲಿ ನಿಮ್ಮಪ್ಪ ಆಗಲಿ ಬರದೆ ಇರ್ತಾರಾ?"

"ಬಂದು ಬಡಿದಾಡ್ತಾರೆ."

"ಮೊದಲು ಬರಲಿ."

ಬೊಮ್ಮಲಿಂಗಯ್ಯ ರೊಟ್ಟಿಬುತ್ತಿ ಕಟ್ಟಿಕೊಟ್ಟು ಹೇಳಿದ: "ದಾರೀಲಿ ಯಾರು ಸಿಕ್ಕಿದ್ರೂ 'ಊಟ ಆಯ್ತಾ' ಅಂತ ಕೇಳವ್ವ. ನಮ್ಮೋರು ಅದನ್ನ ಕೇಳೋದೇ ಮರ್ತಿದ್ದಾರೆ."

ಇಬ್ಬರೂ ಹೊರಟರು. ಕಪ್ಪುಗುಡ್ಡದ ಮೊದಲ ಬಾಗಿಲಲ್ಲಿ ಒಂದು ಆಲದಮರ. ಮರದಲ್ಲಿ ಎಲೆಗಳೇ ಇರಲಿಲ್ಲ, ಬರೀ ಗಿಳಿಗಳು. ಅವುಗಳ ಕೊಕ್ಕು ಕಬ್ಬಿಣದ್ದು.

"ಮೊದಲೋ? ಕೊನೆಯೋ? ಬೇಗ ಹೇಳು! ಬೇಗ ಹೇಳು!" ಎಂದು ಕಿರುಚಿದವು. ಮೊದಲು ಅಂದರೆ ಅರ್ಧ ಗಿಳಿಗಳು ಕುಕ್ಕುತ್ತವೆ, ಕೊನೆ ಅಂದರೆ ಇನ್ನರ್ಧ.

ಸಂಪಿ ತಲೆಯೆತ್ತಿ, "ಅದಿರಲಿ, ನಿಮ್ದು ಊಟ ಆಯ್ತಾ?" ಅಂದಳು.

ಒಂದು ಮುದಿಗಿಳಿ ಕೆಳಗಿನ ಕೊಂಬೆಗಿಳಿಯಿತು. "ಇಲ್ಲ ಕಣಮ್ಮ. ಬೆಳಗಿಂದ ಕೂಗಿ ಕೂಗಿ ಗಂಟಲು ಒಣಗಿದೆ."

ರೊಟ್ಟಿ ಚೂರು ಮಾಡಿ ಹಾಕಿದಳು. ಬಾಯಿ ತುಂಬಿದ ಗಿಳಿಗಳು ಬಾಗಿಲು ಬಿಟ್ಟವು.

ಎರಡನೆಯ ಬಾಗಿಲಲ್ಲಿ ಒಂದು ಹೋರಿ. ಅದಕ್ಕೆ ಬಾಲವಿರಲಿಲ್ಲ, ಬಾಲದ ಜಾಗದಲ್ಲೂ ತಲೆಯೇ. ಒಂದು ತಲೆ ಮೂಡಣಕ್ಕೆ ಎಳೆಯುತ್ತಿತ್ತು, ಇನ್ನೊಂದು ಪಡುವಣಕ್ಕೆ. ವರ್ಷಗಟ್ಟಲೆ ಎಳೆದಾಡಿ ಅಲ್ಲೇ ನಿಂತಿತ್ತು.

"ಮೊದಲೋ?" ಅಂತು ಒಂದು ತಲೆ. "ಕೊನೆಯೋ?" ಅಂತು ಇನ್ನೊಂದು. ಎರಡೂ ಕೊಂಬು ಬೀಸಿದವು.

"ಊಟ ಆಯ್ತಾ ಬಸವಣ್ಣ?"

"ನನಗಿಲ್ಲ. ಇವನಿಗೆ ಆಗಿರಬೇಕು," ಅಂತು ಮೂಡಣದ ತಲೆ.

"ಅಯ್ಯೋ, ಇವನೇ ತಿಂದಿದಾನೆ ಅಂತ ನಾನು!" ಅಂತು ಪಡುವಣದ್ದು.

"ಇಬ್ರಿಗೂ ಹೊಟ್ಟೆ ಒಂದೇ ಅಲ್ವೇನೋ ಪೆದ್ದುಗಳಾ," ಅಂದ ಮಾಚ. ಹುಲ್ಲು ಕಿತ್ತು ತಂದು ಹೋರಿಯ ಪಕ್ಕೆಯ ಹತ್ತಿರ ಹಾಕಿದ. ಎರಡೂ ತಲೆ ಅದೇ ಕಡೆ ಬಾಗಿದವು. ಹೋರಿ ಹುಟ್ಟಿದಾಗಿನಿಂದ ಮೊದಲ ಸಲ ಬಾಗಿಲಿನಿಂದ ಪಕ್ಕಕ್ಕೆ ಸರಿಯಿತು.

ಮೂರನೆಯ ಬಾಗಿಲಲ್ಲಿ ಪ್ರಾಣಿಯಿಲ್ಲ, ಪಕ್ಷಿಯಿಲ್ಲ. ಒಂದು ಆಳೆತ್ತರದ ಕನ್ನಡಿ. ಮಾಚ ನೋಡಿದ. ಒಳಗೆ ಇನ್ನೊಬ್ಬ ಮಾಚ, ಕೊರಳಲ್ಲಿ ಹಾರ, ಸುತ್ತ ಜಯಕಾರ. ಕನ್ನಡಿ ಜೇನಿನಂಥ ದನಿಯಲ್ಲಿ ಹೇಳಿತು: "ನೀನೇ ಸರಿ. ನಿನ್ನದೇ ಸರಿ."

ಮಾಚನ ಎದೆ ಉಬ್ಬಿತು. "ಏನೇ ಆಗಲಿ ಸಂಪಿ, ಪಾಯಸ ಮೊದಲು ಬಡಿಸೋದೇ ಚೆಂದ. ನಮ್ಮಪ್ಪ ಹೇಳೋದರಲ್ಲಿ ತಪ್ಪೇನಿದೆ?"

ಸಂಪಿಯೂ ಕನ್ನಡಿ ನೋಡಿದ್ದಳು. "ಏನಂದೆ? ನಾಲಿಗೆ ಸಿಹಿಯಾದ ಮೇಲೆ ಸಾರಿಗೆ ಯಾವ ರುಚಿ? ನಿಮ್ಮ ಮನೇಲಿ ನಾಲಿಗೆ ಯಾರಿಗಾದ್ರೂ ಇದೆಯಾ?"

"ನಮ್ಮ ಮನೆ ವಿಷಯ ಎತ್ತಬೇಡ!"

"ಎತ್ತೋ ಹಾಗಿದ್ದರೆ ತಾನೇ ಎತ್ತೋದು!"

ಗುಡ್ಡದ ಮೇಲೆ ಚುಚ್ಚಪ್ಪ ಢರ್ರೆಂದು ತೇಗಿದ. ಸಂಪಿ ಸೆರಗು ಕೊಡವಿ ಊರ ಕಡೆ ತಿರುಗಿದಳು. ಮದುವೆ ಅಲ್ಲಿಗೇ ಮುರಿದುಬೀಳುವುದರಲ್ಲಿತ್ತು. ಆಗ ಮಾಚನ ಹೊಟ್ಟೆ ಗುರ್ರೆಂದಿತು.

ಸಂಪಿ ನಿಂತಳು. ಹಿಂದಿರುಗಿ ನೋಡದೆ, ಸಿಟ್ಟಿನಲ್ಲೇ ಕೇಳಿದಳು: "ಊಟ ಆಯ್ತಾ ನಿಂದು?"

"ಇಲ್ಲ."

"ಗಿಳಿಗೆ ಹಾಕಿದ್ವಿ, ಹೋರಿಗೆ ಹಾಕಿದ್ವಿ, ನೀನು ತಿನ್ನಲಿಲ್ವಾ?"

"ನೀನೂ ತಿಂದಿಲ್ವಲ್ಲ, ಅದಕ್ಕೆ."

ಉಳಿದಿದ್ದ ಒಂದೇ ರೊಟ್ಟಿಯನ್ನು ಇಬ್ಬರೂ ಮುರಿದುಕೊಂಡು, ಕನ್ನಡಿಗೆ ಬೆನ್ನು ಹಾಕಿ ಕೂತು ತಿಂದರು. ಬೆನ್ನು ಕಂಡ ಕನ್ನಡಿಗೆ ಹೇಳಲು ಮಾತಿರಲಿಲ್ಲ. ಮಂಜು ಹಿಡಿದು ಮಸುಕಾಯಿತು, ಬಾಗಿಲು ತೆರೆಯಿತು.

ಒಳಗೆ ಚುಚ್ಚಪ್ಪ, ಮೋಡಕ್ಕೆ ತಲೆ ತಾಗಿಸಿಕೊಂಡು, ಕೊಪ್ಪರಿಗೆಯನ್ನು ದಿಂಬು ಮಾಡಿಕೊಂಡು ಒರಗಿದ್ದ.

"ಕೊಪ್ಪರಿಗೆ ಬೇಕಾ? ಯಾಕೆ ಕೊಡಲಿ?"

"ನಮ್ಮ ಮದುವೆಗೆ," ಅಂದಳು ಸಂಪಿ. "ಎರಡೂ ಪಕ್ಷದವರು ಒಂದೇ ಪಂಕ್ತೀಲಿ ಕೂರ್ತಾರೆ. ಪಾಯಸಾನೂ ಇರುತ್ತೆ. ಬಡಿಸೋ ಹೊತ್ತಿಗೆ ಏನಾಗುತ್ತೋ ನನಗಂತೂ ಭಯ."

ಚುಚ್ಚಪ್ಪನ ಬಾಯಲ್ಲಿ ನೀರೂರಿತು. ಇಡೀ ರಾಜ್ಯದ ಜಗಳ, ಒಂದೇ ಎಡೆಯಲ್ಲಿ, ಬಿಸಿಬಿಸಿ! "ನಾನೇ ಹೊತ್ತು ತರ್ತೀನಿ ಮಗಳೇ," ಅಂದ. "ನನಗೂ ಒಂದು ಎಲೆ ಹಾಕು. ಎರಡೂ ಕಡೆಯವರ ನಡುವೆ ಹಾಕು."

ಮದುವೆಯ ದಿನ ಕೊಪ್ಪರಿಗೆ ಚೌಕದಲ್ಲಿ ಕೂತಿತು. ರಾಜ್ಯಕ್ಕೆ ರಾಜ್ಯವೇ ಬಂತು. ಸೋಮಗೊಂಡ ನೆಟ್ಟಗಿನ ಸೌಟು ಸಿಕ್ಕಿಸಿಕೊಂಡು ಬಂದ, ದ್ಯಾವನಾಯಕ ತಲೆಕೆಳಗಿನ ಸೌಟು ಸಿಕ್ಕಿಸಿಕೊಂಡು ಬಂದ. ಮಾಚ ತಾಳಿ ಕಟ್ಟಿದ. ಎಲೆಗಳು ಬಿದ್ದವು. ಸಾಲಿನ ಕಟ್ಟಕಡೆಗೆ ಬೊಮ್ಮಲಿಂಗಯ್ಯ ಮಂಡಿ ಮಡಚಿ ಕೂತ.

"ಎಲ್ಲಿ ಪಾಯಸ? ಅದು ಮೊದಲು ಬರಲಿ!" ಗುಡುಗಿದ ಸೋಮಗೊಂಡ.

"ಬರಲಿ ನೋಡೋಣ! ಬಂದ್ರೆ ನಾನು ಎಲೆ ಮಡಚ್ತೀನಿ!" ಅಂದ ದ್ಯಾವನಾಯಕ.

ಚಪ್ಪರದಡಿ ಮುದುರಿಕೊಂಡು ನಡುವೆ ಕೂತಿದ್ದ ಚುಚ್ಚಪ್ಪನ ತಲೆ ಚಪ್ಪರ ಹರಿದು ಮೇಲೆ ಹೋಯಿತು.

ಸಂಪಿ ಕೈಮುಗಿದಳು. "ಮಾವಯ್ಯ, ಅಪ್ಪಯ್ಯ, ಪಾಯಸ ಇನ್ನೂ ಬೇಯ್ತಿದೆ. ಅರೆಬೆಂದ ಪಾಯಸ ಬಡಿಸಿದ್ರೆ ಯಾವ ಪಕ್ಷಕ್ಕೆ ಮರ್ಯಾದೆ? ಅದು ಬರೋವರೆಗೆ ಅನ್ನ ಸಾರಲ್ಲಿ ಸ್ವಲ್ಪ ಕೈಯಾಡಿಸಿ."

ಘೋಷಣೆ ಕೂಗಿ ಕೂಗಿ ಎಲ್ಲರಿಗೂ ಹಸಿವಾಗಿತ್ತು. ಎಲೆಗೆ ಕೈ ಹಚ್ಚಿದರು. ಚುಚ್ಚಪ್ಪನೂ ಎಲ್ಲರಂತೆ ಕಾಣಲೆಂದು ಹಚ್ಚಿದ. ಬಾಯಿ ತುಂಬಿತು, ಗಲಾಟೆ ನಿಂತಿತು. ಮಾಂತ್ರಿಕ ಗೋಪುರದಿಂದ ತೆಂಗಿನಮರಕ್ಕೆ ಇಳಿದ. ಗಾಬರಿಯಾಗಿ, "ಸಾರಿಗೆ ಉಪ್ಪು ಕಡಿಮೆ!" ಎಂದು ಕೂಗಿದ.

"ಹೌದು, ಕಡಿಮೆ," ಅಂದರು ಸೋಮಗೊಂಡ, ದ್ಯಾವನಾಯಕ, ಇಬ್ಬರೂ ಒಟ್ಟಿಗೆ. ಅಂದವರೇ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದ್ಯಾವನಾಯಕ ಉಪ್ಪಿನ ಬಟ್ಟಲನ್ನು ಆ ಕಡೆ ಸರಿಸಿದ. ಚುಚ್ಚಪ್ಪ ತೆಂಗಿನಮರದಿಂದ ಆಳೆತ್ತರಕ್ಕೆ ಇಳಿದ.

ಅನ್ನ ಮುಗಿಯಿತು. ಮುಷ್ಟಿಗಾತ್ರದ ಗೋಡಂಬಿ ತೇಲಿಸಿಕೊಂಡು ಪಾಯಸ ಬಂತು.

"ನೋಡಿದ್ರಾ! ಕೊನೆಗೇ ಬಂತು!" ತೊಡೆ ತಟ್ಟಿದ ದ್ಯಾವನಾಯಕ.

ಸೋಮಗೊಂಡ ಕೆಂಡವಾದ. "ಮೋಸ! ಏಳ್ರೋ ಎಲ್ಲಾ!" ಅವನ ಮಂಡಿ ನೆಲ ಬಿಟ್ಟಿತು. ಚುಚ್ಚಪ್ಪ ಮತ್ತೆ ಚಪ್ಪರದಾಚೆ ಬೆಳೆದ.

"ಅಪ್ಪಯ್ಯ!" ಕೂಗಿದ ಮಾಚ. "ಬೊಮ್ಮಲಿಂಗಮಾವ ಇನ್ನೂ ಉಣ್ತಿದಾರೆ!"

ಎಲ್ಲರೂ ತಿರುಗಿ ನೋಡಿದರು. ಬೊಮ್ಮಲಿಂಗಯ್ಯ ಆಗಷ್ಟೇ ಕೋಸಂಬರಿ ಮುಗಿಸಿ ಪಲ್ಯದ ಕಡೆ ಕೈ ಚಾಚಿದ್ದ. ಸೋಮಗೊಂಡ ಮೆಲ್ಲಗೆ ಮಂಡಿ ಇಳಿಸಿದ. ಬಾಳೆಗಿಡವಾಗಿ ಯಾರೂ ಚುನಾವಣೆ ಗೆದ್ದಿಲ್ಲ.

ಸಿಟ್ಟು ಇಳಿಯುವ ತನಕ ಪಾಯಸ ಆರದೆ ಕಾಯುತ್ತದೆಯೇ? ಬಿಸಿಯಿದ್ದಾಗಲೇ ಎಲ್ಲರೂ ಸುರಿದುಕೊಂಡರು. ಆಮೇಲೆ ಕಾದರು. ಬೊಮ್ಮಲಿಂಗಯ್ಯ ಅಗಿಯುತ್ತಿದ್ದ. ಮಾತಿಗೆ ಬೇರೇನೂ ಇಲ್ಲದೆ ಯಾರೋ ಮಳೆಯ ಮಾತೆತ್ತಿದರು. ಮಳೆಯಿಂದ ಕೆರೆಗೆ ಬಂತು, ಕೆರೆಯಿಂದ ತೂಬಿಗೆ.

"ಅಷ್ಟೊಂದು ಸೋರ್ತಿದೆಯಾ?" ಕೇಳಿದ ಸೋಮಗೊಂಡ.

"ಹೀಗೇ ಬಿಟ್ರೆ ಬೇಸಿಗೆಗೆ ಪಾಯಸಕ್ಕಿರಲಿ, ಗಂಜಿಗೂ ನೀರಿರಲ್ಲ," ಅಂದ ದ್ಯಾವನಾಯಕ.

ಅಷ್ಟು ಹೊತ್ತಿಗೆ ಬಿಸಿಲು ವಾಲಿತು. ಬೊಮ್ಮಲಿಂಗಯ್ಯ ಸಾರಿಗೆ ಬಂದಿದ್ದ. ಉಳಿದವರಿಗೆ ಮತ್ತೆ ಹಸಿವು. ಸಂಪಿ ಅದೇ ಎಲೆಗಳ ಮೇಲೆ ಬಿಸಿ ಅನ್ನ ಬಡಿಸುತ್ತ ಬಂದಳು. ಸೋಮಗೊಂಡ ತನ್ನ ಎಲೆ ನೋಡಿದ. ಪಾಯಸದ ಗುರುತು ಇನ್ನೂ ಒದ್ದೆ, ಅದರ ಮೇಲೆ ಅನ್ನ.

"ನೋಡಿದ್ರಾ! ಮೊದಲು ಪಾಯಸ, ಆಮೇಲೆ ಅನ್ನ!"

"ಅದು ಮಧ್ಯಾಹ್ನದ ಊಟದ ಕೊನೆ," ಅಂದ ದ್ಯಾವನಾಯಕ.

"ಸಂಜೆ ಊಟದ ಮೊದಲು!"

"ಅದೇ ಪಾಯಸ ಕಣಯ್ಯ ಅದು!"

"ಅದೇ ಅಲ್ವಾ ನಾನೂ ಹೇಳ್ತಿರೋದು!"

ಮೊದಲು ಸೋಮಗೊಂಡನ ಹೊಟ್ಟೆ ಕುಲುಕಿತು, ಆಮೇಲೆ ದ್ಯಾವನಾಯಕನ ಭುಜ. ನಗು ಎಲೆಯಿಂದ ಎಲೆಗೆ ಹಬ್ಬಿ ಪಂಕ್ತಿಯ ತುದಿಯವರೆಗೆ ಹೋಗಿ ತಿರುಗಿ ಬಂತು. ಪೇಟದ ಸೌಟುಗಳು ಜಾರಿ ಬಿದ್ದವು. ಸಂಪಿ ಅವನ್ನೇ ಎತ್ತಿಕೊಂಡು ಸಾರು ಬಡಿಸಿದಳು.

ಚುಚ್ಚಪ್ಪ ಕುಗ್ಗಿದ, ಕುಗ್ಗಿದ, ಹೆಬ್ಬೆರಳಷ್ಟಾದ. ಪಕ್ಕದವನು ಉಪ್ಪಿನಕಾಯಿಯೆಂದು ಎತ್ತಿ ಬಾಯಿಗಿಡುವುದರಲ್ಲಿದ್ದ. ಮಾಂತ್ರಿಕ ಕಿರುಚಿ, ಕೈಯಿಂದ ನೆಗೆದು, ಎದ್ದು ಓಡಿದ. ಎರಡು ಹೆಜ್ಜೆ ಹಾಕಿದನೋ ಇಲ್ಲವೋ, ನಿಂತಲ್ಲೇ ಬಾಳೆಗಿಡವಾದ. ಏಲಕ್ಕಿ ಬಾಳೆ. ಹಣ್ಣು ಬಲು ರುಚಿ ಅಂತಾರೆ.

ಬೊಮ್ಮಲಿಂಗಯ್ಯ ಮಜ್ಜಿಗೆ ಕುಡಿದು, ತೇಗಿ, "ಏನು, ನನಗಾಗಿ ಕಾಯ್ತಿದ್ರಾ?" ಅಂದ. ಇಡೀ ರಾಜ್ಯ ಒಟ್ಟಿಗೆ ಎದ್ದಿತು. ಮಾಚ, ಸಂಪಿಯರ ಮದುವೆ ಆಯಿತು.

"ಕೈಗೆ ನೀರು ಹಾಕಲಾ ಬೀಗರೇ?" ಅಂದ ದ್ಯಾವನಾಯಕ.

"ನೀವು ಮೊದಲು ಬೀಗರೇ," ಅಂದ ಸೋಮಗೊಂಡ. ಅದಕ್ಕೂ ಒಂದಿಷ್ಟು ಜಗಳವಾಯಿತು, ಆದರೆ ಅದು ಯಾರನ್ನೂ ಬೆಳೆಸುವ ಜಗಳವಾಗಿರಲಿಲ್ಲ.

ಚುನಾವಣೆಯೂ ನಡೆಯಿತು. ಇಬ್ಬರೂ ತೂಬಿನ ಮೇಲೆ ಭಾಷಣ ಮಾಡಿದರು. ಒಬ್ಬ ಗೆದ್ದ, ಸೋತವನು ಉಸಲಿ ಬೇಯಿಸಿದ, ಇಬ್ಬರೂ ಸೇರಿ ತೂಬು ಕಟ್ಟಿಸಿದರು. ಗಿಳಿಗಳು ಆಲದಮರದಲ್ಲಿ ಕೂತು ಬಂದುಹೋಗುವವರನ್ನೆಲ್ಲ "ಊಟ ಆಯ್ತಾ?" ಎಂದು ಕೇಳುತ್ತಿದ್ದವು. ಎರಡು ತಲೆಯ ಹೋರಿ ಉಳುವಾಗ ಸಾಲಿನ ತುದಿಯಲ್ಲಿ ತಿರುಗಿಸುವ ಕಷ್ಟವೇ ಇರಲಿಲ್ಲ. ಅವರೆಲ್ಲ ಹೊಟ್ಟೆ ತಣ್ಣಗೆ ಬದುಕಿದರು. ಯಾವ ಪಕ್ಷ ಗೆದ್ದಿತು ಅಂತ ಕೇಳಬೇಡಿ; ನಮ್ಮ ವಂಶದಲ್ಲಿ ಯಾರಿಗೂ ನೆನಪಿಲ್ಲ.

ಏನು, ಮೀಸೆ ನೋಡ್ತಿದ್ದೀರಾ? ಇದೆಯಲ್ಲ ಹೇಗಿತ್ತೋ ಹಾಗೇ. ಹಾಂ, ಬಲಗಡೆ ಒಂದು ಕೂದಲು ಉದುರಿದೆ. ಸರಿ, ಒಪ್ಪಿಕೊಂಡೆ. ಮಾಂತ್ರಿಕ ನಿಜ, ಎರಡು ತಲೆಯ ಹೋರಿ ನಿಜ, ಬಾಳೆಗಿಡವೂ ನಿಜ. ಆ ಪಾಯಸದಲ್ಲಿ ಗೋಡಂಬಿ ಮಾತ್ರ ಇರಲಿಲ್ಲ.